ಪ್ರಜೆ ಪ್ರಭುವಾಗುವುದು ಯಾವಾಗ?

ಸಮಾಜ ಪಾಠದ ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯೊಂದು ತಪ್ಪದೆ ಬರುತ್ತದೆ: ಪ್ರಜಾಪ್ರಭುತ್ವ ಎಂದರೇನು? ಜನರೇ ತಮಗಾಗಿ ತಾವೇ ನಡೆಸಿಕೊಳ್ಳುವ ಸರ್ಕಾರ ಎಂದು ಮಕ್ಕಳು ಬರೆಯುತ್ತಾರೆ. ಅಬ್ರಹಾಂ ಲಿಂಕನ್ ಹೆಸರು ಸೇರಿಸಿದರೆ ಪೂರ್ತಿ ಅಂಕ. ಉತ್ತರಪತ್ರಿಕೆಗಳನ್ನು ಕಟ್ಟಿಟ್ಟು, ತರಕಾರಿಗೆಂದು ಜಯನಗರ ನಾಲ್ಕನೇ ಬ್ಲಾಕಿಗೆ ಹೊರಟರೆ ಬಸ್ ಸ್ಟಾಪಿನಲ್ಲಿ ಕಿವಿಗೆ ಬೀಳುವ ಉತ್ತರ ಬೇರೆ. “ಯಾರು ಬಂದ್ರೂ ಅಷ್ಟೇ ಕಣ್ರೀ, ದುಡ್ಡಿದ್ದೋರದ್ದೇ ರಾಜ್ಯ.” ಈ ಎರಡರಲ್ಲಿ ಯಾವುದು ಸರಿ? ಎರಡಕ್ಕೂ ಒಂದೊಂದು ಅಂಕ ಕೊಡಬಹುದು, ಪೂರ್ತಿ ಅಂಕ ಯಾವುದಕ್ಕೂ ಇಲ್ಲ ಎಂದು ನನಗನ್ನಿಸುತ್ತದೆ. ಯಾಕೆಂದು ಹೇಳುತ್ತೇನೆ.

ಬಸ್ ಸ್ಟಾಪಿನ ಮಾತನ್ನು ದೊಡ್ಡ ಪಂಡಿತರೂ ಹೇಳಿದ್ದಾರೆ. 1911ರಲ್ಲಿ ರಾಬರ್ಟ್ ಮಿಷೆಲ್ಸ್ ಎಂಬ ಸಮಾಜಶಾಸ್ತ್ರಜ್ಞ ಜರ್ಮನಿಯ ಸಮಾಜವಾದಿ ಪಕ್ಷವನ್ನು ಹತ್ತಿರದಿಂದ ನೋಡಿ ಒಂದು ಪುಸ್ತಕ ಬರೆದ. ಸಮಾನತೆಯನ್ನೇ ಉಸಿರಾಡುವ ಪಕ್ಷದೊಳಗೂ ಅಧಿಕಾರ ಕೊನೆಗೆ ನಾಲ್ಕಾರು ಜನರ ಕೈಯಲ್ಲೇ ನಿಲ್ಲುತ್ತದೆ, ಸಂಘಟನೆ ಇದ್ದಲ್ಲೆಲ್ಲ ಇದು ತಪ್ಪದು ಎಂಬುದು ಅವನ ತೀರ್ಮಾನ. ಅಷ್ಟು ದೂರ ಯಾಕೆ, ನಮ್ಮ ಮಹಿಳಾ ಸಮಾಜಗಳನ್ನೇ ನೋಡಿ. ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ ವರ್ಷವರ್ಷವೂ ಕುರ್ಚಿ ಅದಲುಬದಲು ಮಾಡಿಕೊಳ್ಳುತ್ತಾರೆಯೇ ಹೊರತು ಹೊಸ ಮುಖ ಕಾಣುವುದು ಅಪರೂಪ.

ನಮ್ಮ ನಾಡಿನಲ್ಲಿ ಪ್ರಾತಿನಿಧ್ಯ ಎಂಬುದು ಶುರುವಾದದ್ದೂ ದೊಡ್ಡವರ ಮನೆಯ ಜಗುಲಿಯ ಮೇಲೆಯೇ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದಾಗ ಬಂದ 144 ಮಂದಿ ಜಮೀನುದಾರರು, ವರ್ತಕರು. ಅವರು ಮನವಿ ಹೇಳಿಕೊಳ್ಳಬಹುದಿತ್ತು, ತೀರ್ಮಾನ ಸರ್ಕಾರದ್ದು. ಹೆಸರಿನಲ್ಲಿ ಪ್ರಜೆ ಇದ್ದಳು, ಸಭೆಯಲ್ಲಿ ಇರಲಿಲ್ಲ. ಹಾಗಿದ್ದರೂ ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ ಎಂಬುದನ್ನು ಮರೆಯಬಾರದು. ಅಲ್ಲಿಂದ ಎಲ್ಲ ವಯಸ್ಕರಿಗೂ ಮತ ಬರುವ ಹೊತ್ತಿಗೆ ಸುಮಾರು 70 ವರ್ಷ ಬೇಕಾಯಿತು.

ಈಗ ಮತ ಇದೆಯಲ್ಲ, ಅದರ ತೂಕ ಎಷ್ಟು? ಇದಕ್ಕೆ ಜಯನಗರಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. 2023ರ ಮೇ 13ರಂದು ವಿಧಾನಸಭೆಯ ಮತ ಎಣಿಕೆ ನಡೆದಾಗ ಇಡೀ ರಾಜ್ಯದ ಫಲಿತಾಂಶ ಬಂದರೂ ಜಯನಗರದ್ದು ಬರಲಿಲ್ಲ. ಮರುಎಣಿಕೆಯಾಗಿ ರಾತ್ರಿ ಬಹಳ ಹೊತ್ತಾದ ಮೇಲೆ ಸಿ.ಕೆ. ರಾಮಮೂರ್ತಿಯವರು ಸೌಮ್ಯಾ ರೆಡ್ಡಿಯವರ ಎದುರು 16 ಮತಗಳಿಂದ ಗೆದ್ದರು ಎಂದು ಘೋಷಣೆಯಾಯಿತು. ಇಬ್ಬರಿಗೂ 57 ಸಾವಿರಕ್ಕೂ ಮೇಲ್ಪಟ್ಟು ಮತ. ಅಂತರ ಮಾತ್ರ 16! ಒಂದು ವಠಾರದ ಜನ ಮನಸ್ಸು ಮಾಡಿದ್ದರೆ ಫಲಿತಾಂಶವೇ ಬೇರೆಯಾಗುತ್ತಿತ್ತು. ಬಿಸಿಲು ಎಂದೋ, ಊರಿಗೆ ಹೋಗಬೇಕೆಂದೋ ಮನೆಯಲ್ಲೇ ಉಳಿದವರು ಲೆಕ್ಕ ಹಾಕಿಕೊಳ್ಳಲಿ. “ಯಾರು ಬಂದ್ರೂ ಅಷ್ಟೇ” ಎನ್ನುವವರಿಗೆ ಒಂದು ಅಂಕ ಕಳೆಯುವುದು ಇಲ್ಲೇ.

ಆದರೆ ಅದೇ ಜಯನಗರದ 2018ರ ಚುನಾವಣೆಯನ್ನು ನೆನೆಸಿಕೊಳ್ಳಿ. ಶಾಸಕರಾಗಿದ್ದ ಬಿ.ಎನ್. ವಿಜಯಕುಮಾರ್ ಅವರು ಪ್ರಚಾರದ ನಡುವೆಯೇ ತೀರಿಕೊಂಡದ್ದರಿಂದ ಮತದಾನ ಜೂನ್‌ಗೆ ಮುಂದೆ ಹೋಯಿತು. ಆಗ ಮುಖ್ಯ ಪಕ್ಷಗಳೆರಡು ನಮ್ಮ ಮುಂದಿಟ್ಟ ಹೆಸರುಗಳು ಯಾವುವು? ಒಂದು ಕಡೆ ಅಗಲಿದ ಶಾಸಕರ ತಮ್ಮ, ಇನ್ನೊಂದು ಕಡೆ ಪಕ್ಕದ ಬಿ.ಟಿ.ಎಂ. ಲೇಔಟ್ ಶಾಸಕ ರಾಮಲಿಂಗಾ ರೆಡ್ಡಿಯವರ ಮಗಳು ಸೌಮ್ಯಾ ರೆಡ್ಡಿ. ಮಗಳು ಗೆದ್ದರು. ಇದು ಅವರಿಬ್ಬರ ಯೋಗ್ಯತೆಯ ಮೇಲಿನ ದೂರಲ್ಲ. ನಾನು ಹೇಳುವುದು ಇಷ್ಟೇ: ಬಟನ್ ಒತ್ತುವುದು ನಾವು, ಬಟನ್ ಮುಂದೆ ಯಾರ ಹೆಸರು ಇರಬೇಕೆಂದು ನಿಶ್ಚಯಿಸುವವರು ಬೇರೆ. ಹೆಣ್ಣು ನೋಡುವ ಶಾಸ್ತ್ರವಿದ್ದಂತೆ; ಹುಡುಗಿಗೆ “ಒಪ್ಪಿಗೆಯಾ?” ಎಂದು ಕೇಳುತ್ತಾರೆ ನಿಜ, ಜಾತಕ ಆರಿಸಿ ತಂದವರು ಹಿರಿಯರು. ಬಿ ಫಾರಂ ಯಾರ ಕೈಗೆ ಹೋಗುತ್ತದೆ ಎಂಬ ಚುನಾವಣೆಯಲ್ಲಿ ನಮಗೆ ಮತವಿಲ್ಲ.

ಇದು ಚುನಾವಣೆಗೆ ಮುಂಚಿನ ಮಾತಾಯಿತು. ಗೆದ್ದವರು ಕುರ್ಚಿಯಲ್ಲಿ ಕೂತ ಮೇಲಿನ ಐದು ವರ್ಷ? 2016ರ ಏಪ್ರಿಲ್ ನೆನಪಿದೆಯೇ? ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವ ಲಕ್ಷಗಟ್ಟಲೆ ಜನರಲ್ಲಿ ಬಹುಪಾಲು ಹೆಂಗಸರು. ಅವರ ಪಾಲಿಗೆ ಪಿ.ಎಫ್. ಎಂದರೆ ಮಗಳ ಮದುವೆ, ಮಗನ ಫೀಸು, ಊರಿನ ಸಾಲ. ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವ ಹಾಗಿಲ್ಲ ಎಂದು ಕೇಂದ್ರ ಸರ್ಕಾರ ಆ ವರ್ಷದ ಫೆಬ್ರುವರಿಯಲ್ಲಿ ನಿಯಮ ತಂದಿತು. ಹೊಲಿಗೆ ಮಿಷಿನ್ನಿನ ಮುಂದೆ 58ರವರೆಗೆ ಯಾರ ಕಣ್ಣು, ಯಾರ ಬೆನ್ನು ತಡೆದೀತು? ಈ ನಿಯಮ ಮಾಡುವ ಮೊದಲು ಆ ಹೆಂಗಸರನ್ನು ಕೇಳಿದವರಿಲ್ಲ. ಏಪ್ರಿಲ್ 18ರಂದು ಅವರು ಮಿಷಿನ್ ನಿಲ್ಲಿಸಿ ಎದ್ದು ಬಂದು, ಬಿ.ಟಿ.ಎಂ. ಲೇಔಟಿನ ಆಚೆಗೇ ಇರುವ ಬೊಮ್ಮನಹಳ್ಳಿಯ ಹೊಸೂರು ರಸ್ತೆಯಲ್ಲಿ ಕುಳಿತರು. ಮುಂದೆ ನಿಂತು ನಡೆಸುವ ದೊಡ್ಡ ನಾಯಕರು ಇರಲಿಲ್ಲ. ಮರುದಿನ ಕಲ್ಲು ತೂರಾಟವಾಯಿತು, ಲಾಠಿ ಬೀಸಿತು, ಬಸ್ಸುಗಳು ಉರಿದವು. ಅದನ್ನು ಒಳ್ಳೆಯದೆಂದು ಯಾರೂ ಹೇಳುವುದಿಲ್ಲ. ಅದೇ 19ರಂದು ಸರ್ಕಾರ ನಿಯಮವನ್ನು ಹಿಂದೆಗೆದುಕೊಂಡಿತು.

ಹಾಗಾದರೆ ಆಳಿದವರು ಯಾರು? ಎರಡು ದಿನ ಆ ಹೆಂಗಸರೇ. ಆದರೆ ರಸ್ತೆಗೆ ಬರದೆ ಅವರ ಮಾತು ದೆಹಲಿಗೆ ಕೇಳಿಸಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಕಾರ್ಖಾನೆಯ ಮಾಲೀಕರು ತಮ್ಮ ಕಷ್ಟವನ್ನು ಮಂತ್ರಿಗಳಿಗೆ ಕಾಫಿ ಕುಡಿಯುತ್ತಾ ಹೇಳಿಕೊಳ್ಳಬಹುದು. ಹೊಲಿಯುವವಳು ಒಂದು ದಿನದ ಕೂಲಿ ಬಿಟ್ಟು, ಲಾಠಿಯ ಏಟು ತಿಂದು ಹೇಳಬೇಕು. ಮತ ಇಬ್ಬರದ್ದೂ ಒಂದೊಂದೇ. ದಾರಿ ಮಾತ್ರ ಒಂದೇ ಅಲ್ಲ. ನನ್ನ ಮಟ್ಟಿಗೆ ಉಳ್ಳವರ ಆಳ್ವಿಕೆ ಎಂದರೆ ಇದೇ.

ಈ ದಾರಿಯನ್ನು ಹತ್ತಿರ ಮಾಡಬೇಕಾದದ್ದು ನಗರಪಾಲಿಕೆ. ವಿಧಾನಸೌಧ ದೂರ, ದೆಹಲಿ ಇನ್ನೂ ದೂರ. ವಾರ್ಡಿನ ಕಾರ್ಪೊರೇಟರ್ ಮನೆ ಮಾತ್ರ ನಡೆದು ಹೋಗುವಷ್ಟು ಹತ್ತಿರ. 1993ರ ಜೂನ್‌ನಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ನಗರಸಭೆಯ ಐದು ವರ್ಷದ ಅವಧಿ ಮುಗಿಯುವುದರೊಳಗೆ ಚುನಾವಣೆ ಆಗಲೇಬೇಕೆಂದು ವಿಧಿಸಿತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇದಕ್ಕೇ ಇರಬೇಕು. 2006ರ ನವೆಂಬರಿನಲ್ಲಿ ಅವಧಿ ಮುಗಿದ ಬೆಂಗಳೂರಿನ ಪಾಲಿಕೆಗೆ ಮತ್ತೆ ಚುನಾವಣೆ ಬಂದದ್ದು 2010ರ ಮಾರ್ಚಿನಲ್ಲಿ. 2015ರಲ್ಲಿ ಆರಿಸಿದ 198 ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು, ಆಮೇಲೆ ಆಡಳಿತಾಧಿಕಾರಿಗಳು. ವಾರ್ಡು 243 ಆಗಬೇಕೆಂದು ಒಂದು ಸರ್ಕಾರ ಹೇಳಿತು, 225 ಎಂದು ಮುಂದಿನದು ಹೇಳಿತು, ಕೊನೆಗೆ 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯನ್ನೇ ಐದು ಭಾಗ ಮಾಡಿದ್ದಾಯಿತು. ಪಕ್ಷ ಬದಲಾಯಿತು, ನೆಪ ಬದಲಾಯಿತು. ಆ ಐದು ವರ್ಷ ಚುನಾವಣೆ ಮಾತ್ರ ಬರಲಿಲ್ಲ. ಹಳ್ಳಿಗಾಡಿನದ್ದೂ ಅದೇ ಕಥೆ. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳೂ ವರ್ಷಗಟ್ಟಲೆ ಸದಸ್ಯರಿಲ್ಲದೆ ಕೂತವು. ಕಾರಣ ಹುಡುಕಲು ಬಹಳ ಬುದ್ಧಿ ಬೇಕಿಲ್ಲ. ಕಾರ್ಪೊರೇಟರ್ ಇಲ್ಲದ ವಾರ್ಡಿನಲ್ಲಿ ಶಾಸಕರೇ ಸರ್ವಸ್ವ. ಕೆಳಗಿನಿಂದ ಏರಿ ಬಂದು ಟಿಕೆಟ್ ಕೇಳುವವರೂ ಇರುವುದಿಲ್ಲ. ಆ ಏಣಿಯಿಂದ ಮೇಲೆ ಬರಲು ಸಾಧ್ಯ ಎಂಬುದಕ್ಕೆ 16 ಮತದಿಂದ ಗೆದ್ದ ರಾಮಮೂರ್ತಿಯವರೇ ಸಾಕ್ಷಿ. ಅವರೂ ಹಿಂದೆ ಕಾರ್ಪೊರೇಟರ್ ಆಗಿದ್ದವರು.

ನಮ್ಮಂಥ ಹೆಂಗಸರಿಗೆ ಇದರಲ್ಲಿ ಹೆಚ್ಚಿನ ನಷ್ಟ. ಹೆಂಗಸರಿಗೆ ಶೇಕಡಾ 25 ಸ್ಥಾನ ಮೀಸಲಿಟ್ಟು 1987ರಲ್ಲೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಸಿದ ರಾಜ್ಯ ನಮ್ಮದು; ಅದರ ಹಿಂದೆ ಅಬ್ದುಲ್ ನಜೀರ್ ಸಾಬ್ ಅವರ ಶ್ರಮವಿತ್ತು. 2015ರ ಪಾಲಿಕೆಯಲ್ಲಿ ಅರ್ಧದಷ್ಟು ವಾರ್ಡು ಮಹಿಳೆಯರಿಗೆ ಮೀಸಲಾಗಿತ್ತು, ಜಿ. ಪದ್ಮಾವತಿ, ಗಂಗಾಂಬಿಕೆ ಮಲ್ಲಿಕಾರ್ಜುನ್ ಮೇಯರ್ ಆದರು. ಮೀಸಲಾತಿ ಇಲ್ಲದ ವಿಧಾನಸಭೆಗೆ 2023ರಲ್ಲಿ ಆರಿಸಿ ಬಂದ ಮಹಿಳೆಯರು 224ರಲ್ಲಿ 10! ಏಣಿಯ ಕೆಳಗಿನ ಮೆಟ್ಟಿಲನ್ನೇ ಕಿತ್ತಿಟ್ಟರೆ ಅದನ್ನು ಹತ್ತಬೇಕಾದವಳು ಎಲ್ಲಿ ಕಾಲಿಡಬೇಕು? ಅಪ್ಪ, ಗಂಡ, ಮಾವ ಮೇಲಿಂದ ಕೈ ಹಿಡಿದು ಎಳೆದುಕೊಳ್ಳುವವಳು ಮಾತ್ರ ಮೇಲೆ ಹೋದಾಳು.

“ಕಾರ್ಪೊರೇಟರ್‌ಗಳು ಇದ್ದಾಗ ಏನು ಉದ್ಧಾರವಾಗಿತ್ತು? ಹೆಂಡತಿ ಹೆಸರಿನಲ್ಲಿ ಗಂಡಂದಿರು ದರ್ಬಾರು ಮಾಡಲಿಲ್ಲವೇ?” ಎಂದು ನೀವು ಕೇಳಬಹುದು. ಮಾಡಿದವರು ಉಂಟು. ಆದರೆ ಅಂಥವರನ್ನು ಐದು ವರ್ಷಕ್ಕೆ ಮನೆಗೆ ಕಳಿಸುವ ಅಧಿಕಾರ ನಮ್ಮ ಕೈಯಲ್ಲಿತ್ತು. ಆಡಳಿತಾಧಿಕಾರಿಯನ್ನು ಕಳಿಸುವ ಅಧಿಕಾರ ನಮಗಿಲ್ಲ. ನಮ್ಮ ಬಡಾವಣೆಗಳ ಅನುಕೂಲವಂತರಿಗೆ ಈ ವ್ಯತ್ಯಾಸ ಅಷ್ಟಾಗಿ ತಟ್ಟುವುದಿಲ್ಲ. ಇಂಜಿನಿಯರ ಫೋನ್ ನಂಬರ್ ಇರುತ್ತದೆ, ಅರ್ಜಿ ಬರೆಯಲು ಇಂಗ್ಲಿಷ್ ಇರುತ್ತದೆ, ಕಸದ ಗಾಡಿ ಬಾರದಿದ್ದರೆ ಯಾರಿಗೆ ಹೇಳಬೇಕೆಂದು ಗೊತ್ತಿರುತ್ತದೆ. ಪಾತ್ರೆ ತೊಳೆದು ಹೋಗುವವಳ ಬೀದಿಗೆ ನೀರು ಬಾರದಿದ್ದರೆ ಅವಳು ಯಾರ ಬಾಗಿಲಿಗೆ ಹೋಗಬೇಕು? ಬಿ ಫಾರಂ ಕೊಡುವವರನ್ನು ದೂರುವಾಗ ಈ ಚಿಕ್ಕ ದೊಡ್ಡಸ್ತಿಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಜನ ದಿನವೂ ಆಳುವ ಸರ್ಕಾರ ಲೋಕದಲ್ಲಿ ಎಲ್ಲೂ ಇಲ್ಲ. ಅಡುಗೆ, ಸ್ಕೂಲು, ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ನಮಗೆ ಅಷ್ಟು ಪುರಸೊತ್ತೂ ಇಲ್ಲ. ಆಳುವವರು ಎಂದೂ ಕೆಲವರೇ. ಆದರೆ ಆ ಕೆಲವರನ್ನು ಬದಲಾಯಿಸಬಹುದೇ, ಆ ಕೆಲವರೊಳಗೆ ಹೊಲಿಗೆಯವಳ ಮಗಳೂ ಒಬ್ಬಳಾಗಬಹುದೇ ಎಂಬುದರಲ್ಲಿ ಪ್ರಜಾಪ್ರಭುತ್ವದ ಮರ್ಯಾದೆ ಇದೆ. ನಿಮ್ಮ ಊರು ಯಾವುದೇ ಇರಲಿ, ಅಲ್ಲಿನ ನಗರಸಭೆಗೋ ಪುರಸಭೆಗೋ ಚುನಾವಣೆ ಸರಿಯಾದ ಕಾಲಕ್ಕೆ ನಡೆಯುತ್ತಿದೆಯೇ, ವಿಚಾರಿಸಿ. ಮುಂದಿನ ಸಲ ಮತ ಕೇಳಿಕೊಂಡು ಅರಿಶಿನ ಕುಂಕುಮದ ತಟ್ಟೆಯೊಂದಿಗೆ ಯಾರಾದರೂ ಬಾಗಿಲಿಗೆ ಬಂದರೆ, ಕುಂಕುಮ ತೆಗೆದುಕೊಂಡ ಮೇಲೆ ಆ ಪ್ರಶ್ನೆಯನ್ನೇ ಮೊದಲು ಕೇಳಿ.