‘ಒರಿಜಿನಲ್’ ಮತ್ತು ಅದರ ನಾಲ್ಕು ಎದುರಾಳಿಗಳು: ಮೈಸೂರಿನ ಬಳಕೆಯೊಂದರ ವಿಮರ್ಶೆ

ಮೈಸೂರಿನ ದಿನಬಳಕೆಯ ಕನ್ನಡದಲ್ಲಿ ‘ಒರಿಜಿನಲ್’ ಎಂಬ ಇಂಗ್ಲಿಷ್ ಗುಣವಾಚಕ ಪೂರ್ತಿ ಮನೆಮಾತಾಗಿದೆ. ಕಾಲೇಜಿನ ಪ್ರವೇಶದ ಕೌಂಟರಿನಲ್ಲಿ ‘ಒರಿಜಿನಲ್ ಮಾರ್ಕ್ಸ್ ಕಾರ್ಡ್ ಎಲ್ಲಿ?’ ಎಂದು ಕೇಳುತ್ತಾರೆ. ಸಯ್ಯಾಜಿರಾವ್ ರಸ್ತೆಯ ಸೀರೆ ಅಂಗಡಿಯಲ್ಲಿ ಗಿರಾಕಿ ‘ಇದು ಒರಿಜಿನಲ್ಲಾ, ಡೂಪ್ಲಿಕೇಟಾ?’ ಎಂದು ವಿಚಾರಿಸುತ್ತಾನೆ. ಸಂಬಂಧ ಕುದುರಿಸುವ ಹಿರಿಯರು ‘ನಿಮ್ಮ ಒರಿಜಿನಲ್ ಊರು ಯಾವುದು?’ ಎನ್ನುತ್ತಾರೆ. ಸಭೆಯಲ್ಲಿ ಲೇಖಕರನ್ನು ಪರಿಚಯಿಸುವವರು ‘ತುಂಬ ಒರಿಜಿನಲ್ ಆಗಿ ಯೋಚಿಸುವವರು’ ಎಂದು ಹೊಗಳುತ್ತಾರೆ. ನಾಲ್ಕೂ ಕಡೆ ಪದ ಒಂದೇ, ಅದು ಮಾಡುವ ಕೆಲಸ ಬೇರೆ ಬೇರೆ.

ಈ ಪದದ ಅರ್ಥ ತಿಳಿಯಲು ಅದು ಯಾವುದಕ್ಕೆ ಎದುರಾಗಿ ನಿಂತಿದೆ ಎಂದು ನೋಡಬೇಕು. ಅಂಕಪಟ್ಟಿಯ ಒರಿಜಿನಲ್‌ಗೆ ಎದುರು ನಕಲು. ಸೀರೆಯ ಒರಿಜಿನಲ್‌ಗೆ ಎದುರು ನಕಲಿ. ಊರಿನ ಒರಿಜಿನಲ್‌ಗೆ ಎದುರು ಆಮೇಲೆ ಬಂದು ನೆಲೆಸಿದ ಊರು. ಯೋಚನೆಯ ಒರಿಜಿನಲ್‌ಗೆ ಎದುರು ಎರವಲು. ನಕಲು ಮತ್ತು ನಕಲಿ ಎಂಬ ಜೋಡಿಯಲ್ಲಿ ಕನ್ನಡ ಕಾಪಾಡಿಕೊಂಡಿರುವ ಭೇದ ಬೆಲೆಯುಳ್ಳದ್ದು. ನಕಲು ತಪ್ಪಲ್ಲ, ತಾಲ್ಲೂಕು ಕಚೇರಿ ಅದಕ್ಕೆ ಮೊಹರು ಒತ್ತಿ ‘ದೃಢೀಕೃತ ನಕಲು’ ಎಂದು ಕೊಡುತ್ತದೆ. ನಕಲಿ ಮೋಸ, ಅದಕ್ಕೆ ಶಿಕ್ಷೆಯಿದೆ. ‘ಒರಿಜಿನಲ್’ ಈ ಎರಡಕ್ಕೂ ಎದುರು ಪದವಾಗಿ ನಿಲ್ಲುವುದರಿಂದ ಆ ಭೇದ ಮಾತಿನಲ್ಲಿ ಮಸುಕಾಗುತ್ತದೆ. ಎದುರಾಳಿ ಯಾವುದೆಂದು ಸ್ಪಷ್ಟವಿರುವ ಕಡೆ ಈ ಗುಣವಾಚಕ ಚೆನ್ನಾಗಿ ದುಡಿಯುತ್ತದೆ, ಇಲ್ಲದ ಕಡೆ ಬರೀ ಸದ್ದಾಗುತ್ತದೆ. ಮೈಸೂರಿನ ಬಳಕೆಗಳನ್ನು ಒಂದೊಂದಾಗಿ ನೋಡಿದರೆ ಇದು ಖಚಿತವಾಗುತ್ತದೆ.

ಪದ ಅತ್ಯಂತ ಶಿಸ್ತಿನಿಂದ ಬಳಕೆಯಾಗುವುದು ಕಾಗದಪತ್ರಗಳ ಲೋಕದಲ್ಲಿ. ಇಲ್ಲಿ ಅದು ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ ವಿಶೇಷ್ಯವೇ ಬಿದ್ದುಹೋಗಿ ‘ಒರಿಜಿನಲ್ಸ್ ತಂದಿದ್ದೀರಾ?’ ಎಂಬ ಮಾತು ಹುಟ್ಟಿದೆ. ಜೊತೆಗಿರುವುದು ಜೆರಾಕ್ಸ್; ಅದನ್ನು ಯಾರೂ ಮೋಸವೆನ್ನುವುದಿಲ್ಲ, ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತಾರೆ. ಕಾನೂನು ಈ ಭೇದವನ್ನು ಇನ್ನಷ್ಟು ಬಿಗಿ ಮಾಡಿದೆ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದರ ಜಾಗದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಕೂಡ, ನ್ಯಾಯಾಲಯದ ಮುಂದಿಟ್ಟ ದಾಖಲೆಯನ್ನೇ ಪ್ರಾಥಮಿಕ ಸಾಕ್ಷ್ಯವೆಂದೂ ಅದರ ನಕಲನ್ನು ದ್ವಿತೀಯಕ ಸಾಕ್ಷ್ಯವೆಂದೂ ಎಣಿಸುತ್ತವೆ. ಒಂದೇ ಅಚ್ಚಿನಿಂದ ಹಲವು ಪ್ರತಿಗಳು ಹೊರಟಿದ್ದರೆ ಪ್ರತಿಯೊಂದೂ ಉಳಿದವುಗಳ ಒಕ್ಕಣೆಗೆ ಪ್ರಾಥಮಿಕ ಸಾಕ್ಷ್ಯವಾಗುತ್ತದೆ. ಆ ಅಚ್ಚಿಗೆ ಆಧಾರವಾದ ಹಸ್ತಪ್ರತಿಯ ವಿಷಯ ಬಂದಾಗ ಮಾತ್ರ ಅವೆಲ್ಲ ನಕಲುಗಳೇ. ಅಂದರೆ ಒಂದೇ ಕಾಗದ ಒಂದು ಪ್ರಶ್ನೆಗೆ ಒರಿಜಿನಲ್, ಇನ್ನೊಂದು ಪ್ರಶ್ನೆಗೆ ನಕಲು. ಸಿವಿಲ್ ನ್ಯಾಯಾಲಯದ ‘ಒರಿಜಿನಲ್ ಸೂಟ್’ನಲ್ಲಿ ಪದ ಮತ್ತೆ ಅರ್ಥ ಬದಲಿಸುತ್ತದೆ. ಕನ್ನಡದಲ್ಲಿ ಅದು ಮೂಲ ದಾವೆ, ಎದುರಿಗಿರುವುದು ಮೇಲ್ಮನವಿ. ದಾವೆ ಸಾಚಾ ಎಂಬ ಸೂಚನೆ ಅದರಲ್ಲಿಲ್ಲ, ಮೊದಲು ಹೂಡಿದ್ದು ಎಂದಷ್ಟೇ ಅರ್ಥ. ಇಷ್ಟು ಬಳಕೆಗಳಿದ್ದರೂ ಇಲ್ಲಿ ಗೊಂದಲವಾಗುವುದಿಲ್ಲ, ಏಕೆಂದರೆ ಪ್ರತಿ ಸಲವೂ ಎದುರಾಳಿಯನ್ನು ನಿಯಮವೇ ಹೆಸರಿಸಿದೆ.

ಅಂಗಡಿ ಬೀದಿಯಲ್ಲಿ ಆ ನಿಯಮವಿಲ್ಲ. ಅಲ್ಲಿ ಪದ ಪ್ರಶ್ನೆಯಾಗಿ ಬಂದಾಗ ಆರೋಗ್ಯಕರ, ಉತ್ತರವಾಗಿ ಬಂದಾಗ ಅನುಮಾನಾಸ್ಪದ. ರೇಷ್ಮೆ ಸೀರೆಯ ಉದಾಹರಣೆ ನೋಡಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭವಾಯಿತು. 1980ರಲ್ಲಿ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ ಸೇರಿತು. ‘ಮೈಸೂರು ಸಿಲ್ಕ್’ಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ನಿಗಮದ ಸೀರೆಯನ್ನು ಬಿಡಿಸಿ ಮೂಲೆಯನ್ನು ನೋಡಿದರೆ ಆ ಒಂದೇ ಸೀರೆಗೆ ಸೇರಿದ ಸಂಕೇತ ಸಂಖ್ಯೆ ಕಾಣುತ್ತದೆ, ಜೊತೆಗೆ ಹಾಲೋಗ್ರಾಮ್ ಚೀಟಿ ಇರುತ್ತದೆ. ಜರಿಯಲ್ಲಿ ಬೆಳ್ಳಿ ಶೇ. 65, ಚಿನ್ನ ಶೇ. 0.65 ಎಂದು ಅಳತೆಯೂ ಗೊತ್ತಾಗಿದೆ. ಇಲ್ಲಿ ‘ಒರಿಜಿನಲ್’ ಎಂದರೆ ಅದನ್ನು ಪರೀಕ್ಷಿಸಲು ದಾರಿಯಿದೆ. ಪದಕ್ಕೆ ಜವಾಬ್ದಾರಿ ಬರುವುದು ಹೀಗೆ.

ಅದೇ ಬೀದಿಯಲ್ಲಿ ಬೇರೊಬ್ಬ ನೇಕಾರ ಅಪ್ಪಟ ರೇಷ್ಮೆಯಲ್ಲಿ ನೆಯ್ದ ಸೀರೆಯನ್ನು ಏನೆಂದು ಕರೆಯಬೇಕು? ಅದು ನಿಗಮದ ‘ಮೈಸೂರು ಸಿಲ್ಕ್’ ಅಲ್ಲ, ಹಾಗೆಂದು ನಕಲಿಯೂ ಅಲ್ಲ. ಒರಿಜಿನಲ್, ಡೂಪ್ಲಿಕೇಟ್ ಎಂಬ ಎರಡೇ ಗೂಡುಗಳಿರುವ ಮಾತಿನಲ್ಲಿ ಈ ಸೀರೆಗೆ ಜಾಗವಿಲ್ಲ, ನೇಯ್ದವನಿಗೆ ಅನ್ಯಾಯವಾಗುತ್ತದೆ. ಅಪ್ಪಟ, ಅಸಲಿ, ಸಾಚಾ, ಚೊಕ್ಕ ಎಂಬ ಪದಗಳು ಕನ್ನಡದಲ್ಲಿ ಬಳಕೆಯಲ್ಲಿದ್ದೂ ಅವುಗಳ ಕೆಲಸವನ್ನೆಲ್ಲ ಒಂದೇ ಪದಕ್ಕೆ ಹೊರಿಸಿದ್ದರಿಂದ ಬಂದ ನಷ್ಟ ಇದು. ‘ಅಪ್ಪಟ’ ಎಂಬುದು ಬೆರಕೆಯಿಲ್ಲ ಎಂದು ಹೇಳುತ್ತದೆ; ‘ಅಸಲಿ’ ಎಂಬುದು ಹೇಳಿದ ಕಡೆಯಿಂದಲೇ ಬಂದದ್ದು ಎನ್ನುತ್ತದೆ. ಸೀರೆಯೊಂದು ಅಪ್ಪಟವಾಗಿದ್ದೂ ಆ ಹೆಸರಿನ ಅಸಲಿ ಅಲ್ಲದಿರಬಹುದು.

ಗಂಧದ ಸೋಪು ಇನ್ನೊಂದು ತೊಡಕನ್ನು ತೋರಿಸುತ್ತದೆ. ಗಂಧದೆಣ್ಣೆಯ ಕಾರ್ಖಾನೆ ಮೈಸೂರಿನಲ್ಲಿ 1916ರಲ್ಲಿ ಶುರುವಾಯಿತು. ಮೈಸೂರು ಸ್ಯಾಂಡಲ್ ಸೋಪು ತಯಾರಾಗುತ್ತಾ ಬಂದಿರುವುದು ಬೆಂಗಳೂರಿನಲ್ಲಿ. ಪ್ರವಾಸಿಗರು ‘ಒರಿಜಿನಲ್ ಮೈಸೂರಿನದು’ ಕೊಡಿ ಎಂದು ಕೇಳುವಾಗ ಮನಸ್ಸಿನಲ್ಲಿರುವುದು ಮೈಸೂರು ನಗರ. ಸೋಪಿನ ಹೆಸರಿನಲ್ಲಿರುವುದು ಹಳೆಯ ಮೈಸೂರು ಸಂಸ್ಥಾನ. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾಯಿತು, ಪದಾರ್ಥಗಳ ಮೇಲಿನ ಹೆಸರು ಹಾಗೆಯೇ ಉಳಿಯಿತು. ಬೆಂಗಳೂರಿನಲ್ಲಿ ತಯಾರಾದ ಸೋಪು ಈ ಅರ್ಥದಲ್ಲಿ ಪೂರ್ತಿ ಒರಿಜಿನಲ್ಲೇ.

ಮೂರನೆಯ ಎದುರಾಳಿ, ಅಂದರೆ ‘ಆಮೇಲಿನದು’, ಮುಖ್ಯವಾಗುವುದು ಹೋಟೆಲುಗಳಲ್ಲಿ ಮತ್ತು ಕಟ್ಟಡಗಳಲ್ಲಿ. ನಜರ್‌ಬಾದಿನಲ್ಲಿ ಮೈಲಾರಿ ಹೆಸರಿನ ದೋಸೆ ಹೋಟೆಲುಗಳು ಒಂದಕ್ಕಿಂತ ಹೆಚ್ಚಿವೆ. ‘ಒರಿಜಿನಲ್’ ಎಂಬುದು ಬೋರ್ಡಿನಲ್ಲಿ ಹೆಸರಿನ ಭಾಗವೇ ಆಗಿದೆ. ಮೆತ್ತಗೆ ಬೆಂದು ಅಂಚು ಮಾತ್ರ ನಸುಗೆಂಪಾದ, ಮೇಲೆ ಬೆಣ್ಣೆ ಕರಗುತ್ತಿರುವ ಆ ದೋಸೆಗೆ ಊರಿನಲ್ಲಿ ಒಂದು ನಿಷ್ಠೆಯೇ ಬೆಳೆದಿದೆ. ಹೋಟೆಲಿನ ಬೋರ್ಡಿನಲ್ಲಿ ಈ ಗುಣವಾಚಕ ಕಾಲದ ಹಿರಿತನವನ್ನು ಸಾರುತ್ತದೆ, ಕೇಳುವವರು ಅದನ್ನು ರುಚಿಯ ಹಿರಿತನವೆಂದು ತಿಳಿಯುತ್ತಾರೆ. ಮೊದಲು ಶುರುವಾದ ಹೋಟೆಲು ಯಾವುದೆಂಬುದು ಇತಿಹಾಸದ ಪ್ರಶ್ನೆ. ಇವತ್ತಿನ ಹಿಟ್ಟು ಚೆನ್ನಾಗಿ ಹುದುಗಿದೆಯೇ ಎಂಬುದು ತಿನ್ನುವವರ ಪ್ರಶ್ನೆ. ಒಂದಕ್ಕೆ ಸಿಕ್ಕ ಉತ್ತರ ಇನ್ನೊಂದಕ್ಕೆ ಉತ್ತರವಾಗದು.

ಮೈಸೂರು ಪಾಕಿನ ವಿಷಯದಲ್ಲೂ ಇದೇ ಚರ್ಚೆ. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ಹೆಸರು ಈ ತಿನಿಸಿನೊಂದಿಗೆ ಸೇರಿಕೊಂಡಿದೆ. ಅವರ ವಂಶದವರ ಅಂಗಡಿ ಸಯ್ಯಾಜಿರಾವ್ ರಸ್ತೆಯಲ್ಲಿದೆ. ಕುದಿಯುವ ತುಪ್ಪ ಬಿದ್ದಾಗ ಉಬ್ಬಿ, ಒಳಗೆ ಸಣ್ಣ ಸಣ್ಣ ಗೂಡುಗಳಾಗಿ ಗಟ್ಟಿಯಾಗುವ ಪಾಕ್ ಒಂದು. ಬಾಯಲ್ಲಿಟ್ಟರೆ ಕರಗುವ, ಒತ್ತಿದರೆ ತುಪ್ಪ ಜಿನುಗುವ ಪಾಕ್ ಇನ್ನೊಂದು. ಎರಡಕ್ಕೂ ಕಡಲೆಹಿಟ್ಟು, ಸಕ್ಕರೆ, ತುಪ್ಪವೇ ಸಾಮಗ್ರಿ. ಬದಲಾಗುವುದು ಪ್ರಮಾಣ ಮತ್ತು ಇಳಿಸುವ ಹದ. ಇವುಗಳಲ್ಲಿ ಒಂದನ್ನು ಒರಿಜಿನಲ್ ಎಂದು ಸಾರುವುದರಿಂದ ಇನ್ನೊಂದು ಕಳಪೆಯಾಗುವುದಿಲ್ಲ. ‘ಗಟ್ಟಿ’, ‘ಮೃದು’ ಎಂಬ ಸಾದಾ ಗುಣವಾಚಕಗಳು ಇಲ್ಲಿ ತಿನ್ನುವವರಿಗೆ ಹೆಚ್ಚು ಉಪಯುಕ್ತ.

ಕಟ್ಟಡಗಳ ಮಾತು ಬಂದಾಗ ಪದದ ತೂಕ ಹೆಚ್ಚುತ್ತದೆ, ಏಕೆಂದರೆ ಅದರ ಮೇಲೆ ನಗರದ ಭವಿಷ್ಯ ನಿಂತಿದೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಆಮೇಲೆ ನಡೆದ ದೀರ್ಘ ವಾದದಲ್ಲಿ ‘ಮೂಲ ಸ್ವರೂಪ’ ಎಂಬ ಮಾತನ್ನು ಎರಡೂ ಪಕ್ಷದವರು ಬಳಸಿದರು. ಒಂದು ಪಕ್ಷಕ್ಕೆ ಅದರರ್ಥ ಸುಣ್ಣದ ಗಾರೆ, ಇಟ್ಟಿಗೆ, ಮದ್ರಾಸ್ ತಾರಸಿ ಸಮೇತ ಇದ್ದುದನ್ನೇ ದುರಸ್ತಿ ಮಾಡಿ ಉಳಿಸುವುದು. ಇನ್ನೊಂದು ಪಕ್ಷಕ್ಕೆ ಅದರರ್ಥ ಹಳೆಯದನ್ನು ಕೆಡವಿ ಅದೇ ರೂಪದಲ್ಲಿ ಹೊಸದಾಗಿ ಕಟ್ಟುವುದು. ಒಬ್ಬರು ದ್ರವ್ಯವನ್ನು ಮೂಲವೆಂದರು, ಇನ್ನೊಬ್ಬರು ಆಕಾರವನ್ನು. ಒಂದೇ ಮಾತು ಎರಡು ಬಾಯಲ್ಲಿ ಇದ್ದುದರಿಂದ ಒಮ್ಮತ ಇದ್ದಂತೆ ಕಂಡಿತು, ಭಿನ್ನಾಭಿಪ್ರಾಯದ ಬುಡ ಮುಚ್ಚಿಹೋಯಿತು. ಯಾವ ಪಕ್ಷ ಸರಿ ಎನ್ನುವ ಮೊದಲು ‘ಮೂಲ ಗೋಡೆ’ಯೋ ‘ಮೂಲ ಆಕೃತಿ’ಯೋ ಎಂದು ಬಿಡಿಸಿ ಹೇಳುವುದು ವರದಿಗಾರರ, ಅಧಿಕಾರಿಗಳ ಕರ್ತವ್ಯ.

ಅಂಬಾವಿಲಾಸ ಅರಮನೆ ಈ ವಾದಕ್ಕೆ ಒಳ್ಳೆಯ ಬೆಳಕು ಚೆಲ್ಲುತ್ತದೆ. ಮರದ ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಸಿಕ್ಕಿತು. ಈಗಿನದು ಹೆನ್ರಿ ಇರ್ವಿನ್ ರಚಿಸಿದ ನಕ್ಷೆಯಂತೆ 1912ರಲ್ಲಿ ಮುಗಿದದ್ದು. ಜಯಚಾಮರಾಜ ಒಡೆಯರ ಕಾಲದಲ್ಲಿ ವಿಸ್ತಾರವೂ ಆಯಿತು. ‘ಒರಿಜಿನಲ್ ಅರಮನೆ’ ಎಂದು ಪ್ರವಾಸಿ ಕೇಳಿದರೆ ಮಾರ್ಗದರ್ಶಿ ಕೊಡಬೇಕಾದ ಉತ್ತರ ಎರಡು: ನೆಲೆ ಹಳೆಯದು, ಕಟ್ಟಡ ಇಪ್ಪತ್ತನೆಯ ಶತಮಾನದ್ದು.

ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಈ ಗುಣವಾಚಕದ ಇನ್ನೊಂದು ಲಕ್ಷಣ ಹೊರಬೀಳುತ್ತದೆ: ಅದಕ್ಕೆ ‘ಯಾರ?’ ಎಂಬ ಜೊತೆ ಬೇಕು. ಅಲ್ಲಿ ಜನ ಹೆಚ್ಚು ಹೊತ್ತು ನಿಂತು ನೋಡುವ ಚಿತ್ರ ದೀಪ ಹಿಡಿದ ಹೆಣ್ಣಿನದು. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಗಾಳಿಗೆ ಅಡ್ಡ; ಬೆರಳ ಸಂದಿಯಿಂದ ಕೆಂಪಾಗಿ ಸೋಸಿದ ಬೆಳಕು ಮುಖಕ್ಕೆ ಏರಿದೆ. ನೀರುಬಣ್ಣದಲ್ಲಿ ಇಂಥ ಬೆಳಕು ತರುವುದು ಬಹಳ ಕಷ್ಟದ ಕೆಲಸ. ಬರೆದವರು ಎಸ್.ಎಲ್. ಹಲ್ದಂಕರ್, ಕಾಲ 1945-46, ರೂಪದರ್ಶಿ ಅವರ ಮಗಳು ಗೀತಾ. ಆದರೂ ಇದು ‘ರವಿವರ್ಮನ ಒರಿಜಿನಲ್’ ಎಂಬ ಮಾತು ಬಹುಕಾಲದಿಂದ ಹಬ್ಬಿದೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಚಿತ್ರ ಒರಿಜಿನಲ್ ಎಂಬುದು ನಿಜ, ರವಿವರ್ಮನದು ಎಂಬುದು ಸುಳ್ಳು. ಹೆಸರು ತಪ್ಪಿದಾಗ ಹೊಗಳಿಕೆಯ ಪದವೇ ನಿಜವಾದ ಕಲಾವಿದನಿಗೆ ಸಲ್ಲಬೇಕಾದ ಗೌರವವನ್ನು ಕಸಿಯುತ್ತದೆ. ಇನ್ನು ರವಿವರ್ಮನ ಮುದ್ರಣಾಲಯದಿಂದ ಹೊರಟು ಮನೆಮನೆಯ ದೇವರ ಗೋಡೆ ಸೇರಿದ ಲಕ್ಷ್ಮಿ, ಸರಸ್ವತಿಯರು ಕಲಾವಿದನ ಒಪ್ಪಿಗೆಯಿಂದಲೇ ಆದ ನಕಲುಗಳು. ಅವನ್ನು ನಕಲಿ ಎನ್ನುವುದು ತಪ್ಪು.

ಪ್ರಾಚ್ಯವಿದ್ಯಾ ಸಂಶೋಧನಾಲಯದ ತಾಳೆಗರಿಗಳಲ್ಲಿ ‘ಮೂಲ’ ಎಂಬುದು ಇನ್ನೂ ಸೂಕ್ಷ್ಮವಾಗುತ್ತದೆ. 1891ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯಲ್ಲಿ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಗ್ರಂಥಲಿಪಿಯ ಓಲೆಪ್ರತಿಯನ್ನು ಗುರುತಿಸಿ, 1909ರಲ್ಲಿ ಪ್ರಕಟಿಸಿದರು. ಜನ ಅದನ್ನು ‘ಒರಿಜಿನಲ್ ಅರ್ಥಶಾಸ್ತ್ರ’ ಎನ್ನುತ್ತಾರೆ. ಆ ಓಲೆಪ್ರತಿ ಕೌಟಿಲ್ಯನ ಕೈಬರಹವಲ್ಲ, ತಲೆಮಾರುಗಳ ಲಿಪಿಕಾರರು ಪ್ರತಿ ಮಾಡುತ್ತ ಬಂದ ಸಾಲಿನ ಒಂದು ಕೊಂಡಿ. ಗ್ರಂಥಸಂಪಾದನೆ ಇದನ್ನು ಚೆನ್ನಾಗಿ ಅರಿತ ವಿದ್ಯೆ; ಅದು ಪ್ರತಿ ಬೇರೆ, ಪಾಠ ಬೇರೆ ಎಂದು ವಿಂಗಡಿಸಿ, ಪ್ರತಿಗಳನ್ನು ಹೋಲಿಸಿ ಮೂಲಪಾಠವನ್ನು ಊಹಿಸುತ್ತದೆ. ಇಲ್ಲಿ ಮೂಲ ಎಂಬುದು ಕೈಗೆ ಸಿಗುವ ವಸ್ತುವಲ್ಲ, ವಿದ್ವತ್ತು ದುಡಿದು ಹತ್ತಿರವಾಗುವ ಗುರಿ.

ಕೊನೆಯ ಎದುರಾಳಿ ಎರವಲು. ಇಂಗ್ಲಿಷಿನಲ್ಲೂ ಆದಿಯಿಂದ ಇದ್ದದ್ದು ಎಂಬ ಹಳೆಯ ಅರ್ಥದ ಪಕ್ಕದಲ್ಲಿ ಯಾರಿಂದಲೂ ಪಡೆಯದ ಹೊಸದು ಎಂಬ ಹೊಗಳಿಕೆ ಬೇರೂರಿದ್ದು ಹದಿನೆಂಟನೆಯ ಶತಮಾನದಲ್ಲಿ. ಎಡ್ವರ್ಡ್ ಯಂಗ್ 1759ರಲ್ಲಿ ಪ್ರಕಟಿಸಿದ ಪ್ರಬಂಧ ಅದಕ್ಕೆ ದೊಡ್ಡ ಬಲ ಕೊಟ್ಟಿತು. ಕನ್ನಡ ವಿಮರ್ಶೆ ಈ ಗುಣಕ್ಕೆ ‘ಸ್ವೋಪಜ್ಞತೆ’ ಎಂಬ ಪದವನ್ನು ಇಟ್ಟುಕೊಂಡಿದೆ. ಕೃತಿಸ್ವಾಮ್ಯದ ಕಾನೂನು ಇಷ್ಟು ಎತ್ತರಕ್ಕೆ ಹೋಗುವುದಿಲ್ಲ: 1957ರ ಕಾಯಿದೆಯ ‘ಒರಿಜಿನಲ್’ ಕೃತಿ ಹಿಂದೆಂದೂ ಕಾಣದ ವಿಚಾರವನ್ನು ಹೇಳಬೇಕಿಲ್ಲ, ಇನ್ನೊಬ್ಬರಿಂದ ಎತ್ತಿಕೊಂಡಿರಬಾರದು ಮತ್ತು ಒಂದಿಷ್ಟು ಸ್ವಂತ ಸೃಷ್ಟಿಶೀಲತೆ ಇರಬೇಕು, ಅಷ್ಟೆ. ವಿಶ್ವವಿದ್ಯಾಲಯಗಳಲ್ಲಿ 2018ರ ಯುಜಿಸಿ ನಿಯಮಾವಳಿ ಬಂದಮೇಲೆ ಪ್ರಬಂಧದ ಹೋಲಿಕೆಯ ಪ್ರಮಾಣವನ್ನು ಯಂತ್ರ ಅಳೆಯುತ್ತದೆ, ಶೇ. 10ರವರೆಗೆ ದಂಡನೆಯಿಲ್ಲ. ಆ ಅಳತೆ ಎರವಲು ವಾಕ್ಯಗಳನ್ನು ಹಿಡಿಯಬಲ್ಲದು. ಸ್ವಂತ ವಾಕ್ಯದಲ್ಲಿ ಬರೆದ ಸವಕಲು ವಿಚಾರವನ್ನು ಅದು ಹಿಡಿಯಲಾರದು, ಆದ್ದರಿಂದ ಕಡಿಮೆ ಹೋಲಿಕೆಯ ಪ್ರಬಂಧವನ್ನು ‘ಒರಿಜಿನಲ್ ಸಂಶೋಧನೆ’ ಎಂದು ಹೊಗಳುವುದು ಆತುರದ ಮಾತು.

ಸಾಹಿತ್ಯದಲ್ಲಿ ಪದದ ನಿಜವಾದ ಕಷ್ಟ ತಿಳಿಯುತ್ತದೆ. ಮಹಾರಾಜ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಅನುವಾದಗಳ ಸಂಕಲನ; ಕನ್ನಡ ಛಂದಸ್ಸಿಗೆ ಅದು ಹೊಸ ದಾರಿ ತೆರೆಯಿತು. ಒಂಟಿಕೊಪ್ಪಲಿನ ‘ಉದಯರವಿ’ಯಲ್ಲಿದ್ದ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದ ಕಥೆ ವಾಲ್ಮೀಕಿಯದು, ದರ್ಶನ ಕವಿಯದು. ಕಥೆ ಎರವಲಾದರೂ ಕೃತಿ ಸ್ವೋಪಜ್ಞವಾಗಬಲ್ಲದು ಎಂಬುದಕ್ಕೆ ಪಂಪನಿಂದ ಕುವೆಂಪುವರೆಗಿನ ಕನ್ನಡ ಕಾವ್ಯವೇ ಸಾಕ್ಷಿ. ಹೊಸತನವನ್ನು ಕಥಾವಸ್ತುವಿನಲ್ಲಿ ಮಾತ್ರ ಹುಡುಕುವ ‘ಒರಿಜಿನಲ್’ ಎಂಬ ಹೊಗಳಿಕೆ ಈ ಪರಂಪರೆಯನ್ನು ಅಳೆಯಲು ಸಾಲದು.

ಒಟ್ಟಾರೆ ಈ ಗುಣವಾಚಕವನ್ನು ಕನ್ನಡದಿಂದ ಓಡಿಸುವ ಅಗತ್ಯವಿಲ್ಲ. ಕಚೇರಿಯ ಕೌಂಟರಿನಲ್ಲಿ ಅದಕ್ಕಿಂತ ಚುರುಕಾದ ಪದ ಬಳಕೆಯಲ್ಲಿಲ್ಲ. ಬೇಕಾಗಿರುವುದು ಬರೆಯುವವರ ಎಚ್ಚರ. ನಕಲಿಗೆ ಎದುರಾದರೆ ಅಸಲಿ, ಬೆರಕೆಗೆ ಎದುರಾದರೆ ಅಪ್ಪಟ, ಆಮೇಲಿನದಕ್ಕೆ ಎದುರಾದರೆ ಮೂಲ ಅಥವಾ ಮೊದಲಿನ, ಎರವಲಿಗೆ ಎದುರಾದರೆ ಸ್ವಂತ ಅಥವಾ ಸ್ವೋಪಜ್ಞ ಎಂದು ಬರೆದರೆ ಹೇಳಿಕೆಯೊಂದಿಗೆ ಅದರ ಪರೀಕ್ಷೆಯೂ ಓದುಗರ ಕೈಗೆ ಬರುತ್ತದೆ. ಸೀರೆ ಕೊಳ್ಳುವವರಿಗೂ ಮಾರುಕಟ್ಟೆಯನ್ನು ಉಳಿಸಬೇಕೆನ್ನುವವರಿಗೂ ಕಲಾವಿದನ ಹೆಸರಿಗೂ ನ್ಯಾಯ ಸಿಗುವುದು ಆ ಪರೀಕ್ಷೆಯಿಂದಲೇ.