ತವರಿನ ಸೋಲು ಯಾರ ತಲೆಗೆ?

ಹತ್ತಿ ಬಿಡಿಸಿ, ತೊಗರಿ ರಾಶಿ ಮುಗಿಯುವ ಹೊತ್ತಿಗೆ ವಡಗೇರಾ ಸುತ್ತಲಿನ ಊರುಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಶುರುವಾಗುತ್ತದೆ. ಶಹಾಪುರ, ಸುರಪುರ, ಯಾದಗಿರಿ ಕಡೆಯ ತಂಡಗಳು ಟಂಟಂ, ಕ್ರೂಸರ್ ಹತ್ತಿ ಬರುತ್ತವೆ. ಆಡುವವರಲ್ಲಿ ಹೆಚ್ಚಿನವರು ಪಿಯುಸಿ, ಡಿಗ್ರಿ ಓದುವ ಹುಡುಗರು. ನಮ್ಮ ಕಡೆಯ ಕಾಲೇಜುಗಳಲ್ಲಿ ಕಬಡ್ಡಿಗೆ, ವಾಲಿಬಾಲಿಗೆ, ಖೋಖೋಗೆ ಇರುವ ಕಳೆ ಬೇರೆ ಆಟಕ್ಕಿಲ್ಲ. ಅಂಕಣದ ಸುತ್ತ ಬೊಂಬು ಕಟ್ಟಿರುತ್ತಾರೆ. ಮುಂದೆ ಮಕ್ಕಳು ಕೂತಿರುತ್ತಾರೆ, ಹಿಂದೆ ಟ್ರ್ಯಾಕ್ಟರ್ ಟ್ರೇಲರ್ ಮೇಲೆ ದೊಡ್ಡವರು ನಿಂತಿರುತ್ತಾರೆ. ಇಂಥ ಆಟದ ಬಗ್ಗೆ ಬರೆಯಲು ಬಹಳ ಇದೆ. ಆದರೆ ನಾನಿಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಆಟವನ್ನಲ್ಲ, ಆತಿಥೇಯ ತಂಡ ಸೋತ ರಾತ್ರಿ ಕೊನೆಯ ಸೀಟಿಯ ನಂತರದ ಅರ್ಧ ಗಂಟೆಯನ್ನು. ಆ ಅರ್ಧ ಗಂಟೆಯಲ್ಲಿ ನಮ್ಮ ಪ್ರೇಕ್ಷಕರು ನಡೆದುಕೊಳ್ಳುವ ರೀತಿ ಸರಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ಹಾಗೆ ಅನ್ನಿಸಲು ಕಾರಣವಾದ ಒಂದು ಫೈನಲ್‌ನಿಂದಲೇ ಆರಂಭಿಸುತ್ತೇನೆ.

ಊರಿನ ಹೆಸರು ಬೇಡ. ಕೊನೆಯ ರೈಡ್ ಬಂದಾಗ ಆತಿಥೇಯರು ಒಂದು ಅಂಕ ಹಿಂದಿದ್ದರು. ಎದುರಾಳಿ ಅಂಕಣದಲ್ಲಿ ಐವರೇ ಇದ್ದುದರಿಂದ ಬೋನಸ್ ಗೆರೆ ಮುಟ್ಟಿ ಬರುವ ದಾರಿ ಮುಚ್ಚಿತ್ತು. ಒಬ್ಬನನ್ನು ಮುಟ್ಟಿ ಬಂದರೆ ಸಮ, ಇಬ್ಬರನ್ನು ಮುಟ್ಟಿದರೆ ಗೆಲುವು. ರೈಡಿಗೆ ಹೋದವನು ಡಿಗ್ರಿ ಎರಡನೇ ವರ್ಷದ ಹುಡುಗ, ಅದೇ ಊರಿನವನು. ಎಡ ಮೂಲೆಯ ಕಡೆ ಕಾಲು ಚಾಚಿದ, ಮೂಲೆಯವನು ಹಿಂದೆ ಸರಿದ. ಮತ್ತೆ ನಡುವಿಗೆ ಬಂದು ಕೈ ಬೀಸಿದ. ಅಷ್ಟರಲ್ಲಿ ಇಬ್ಬರು ಕೈ ಹಿಡಿದು ಸರಪಳಿಯಾಗಿ ಮೇಲೆ ಬಿದ್ದರು. ಅವನ ಬೆರಳು ನಡುಗೆರೆಗೆ ಗೇಣುದ್ದ ದೂರದಲ್ಲಿ ಮಣ್ಣು ಕೆದರುತ್ತಿರುವಾಗಲೇ ಅಂಪೈರ್ ಕೈ ಎತ್ತಿದರು. ಆತಿಥೇಯರು ಎರಡು ಅಂಕಗಳಿಂದ ಸೋತರು.

ಹುಡುಗ ಮೇಲೇಳುವ ಮೊದಲೇ ಮಾತು ಶುರುವಾಗಿತ್ತು. ‘ಮ್ಯಾಚ್ ಕೊಟ್ಟುಬಿಟ್ಟ ನೋಡು.’ ‘ಅವನ್ನ ಯಾಕ್ ಕಳಸ್ಬೇಕಿತ್ತು?’ ‘ಅಂಪೈರ್ ಅವರ ಕಡಿಯಂವ ಅದಾನ.’ ಜನ ಚದುರುವ ಹೊತ್ತಿಗೆ ಎಲ್ಲಕ್ಕಿಂತ ಕೆಟ್ಟ ಮಾತೂ ಬಂತು: ‘ರೊಕ್ಕ ತಿಂದಾನ.’ ಯಾರು ಕೊಟ್ಟರು, ಎಷ್ಟು ಕೊಟ್ಟರು, ನೋಡಿದವರು ಯಾರು ಎಂದು ಕೇಳುವವರೇ ಇರಲಿಲ್ಲ. ಬಹುಮಾನ ವಿತರಣೆಗೆ ಕರೆದಾಗ ಅಂಕಣದ ಸುತ್ತ ಉಳಿದಿದ್ದವರು ಗೆದ್ದ ತಂಡದ ಕಡೆಯವರು ಮತ್ತು ಸಂಘಟಕರು. ಎರಡನೇ ಬಹುಮಾನದ ಕಪ್ಪನ್ನು ಆತಿಥೇಯ ತಂಡದ ನಾಯಕ ತೆಗೆದುಕೊಂಡಾಗ ಅವನ ಊರಿನವರ ಚಪ್ಪಾಳೆ ಕೇಳಿಸಲಿಲ್ಲ.

ಆ ಪಂದ್ಯವನ್ನು ಮೊದಲಿನಿಂದ ನೋಡಿದವರಿಗೆ ಅದು ಎಲ್ಲಿ ಕೈ ಬಿಟ್ಟಿತು ಎಂಬುದು ಗೊತ್ತಿರಬೇಕಿತ್ತು. ಮೊದಲರ್ಧದ ಕೊನೆಗೆ ಆತಿಥೇಯರು ಅಂಕಣದಲ್ಲಿ ಮೂವರೇ ಉಳಿದಿದ್ದರು. ಮೂವರು ಇಲ್ಲವೇ ಅದಕ್ಕಿಂತ ಕಡಿಮೆ ಜನ ಇದ್ದು ರೈಡರ್‌ನನ್ನು ಹಿಡಿದರೆ ಸೂಪರ್ ಟ್ಯಾಕಲ್, ಅದಕ್ಕೆ ಎರಡು ಅಂಕ. ಅವಕಾಶ ಬಂದಿತ್ತು ಕೂಡ. ಬಲ ಮೂಲೆಯವನು ಎದುರಾಳಿಯ ಹಿಮ್ಮಡಿ ಹಿಡಿದ. ಆದರೆ ಉಳಿದಿಬ್ಬರು ಬೆನ್ನಿಗೆ ಬರಲಿಲ್ಲ, ನಿಂತಲ್ಲೇ ನಿಂತರು. ರೈಡರ್ ಕೊಸರಿಕೊಂಡು ಹೋದ. ಮುಂದಿನ ಎರಡು ರೈಡಿನಲ್ಲಿ ತಂಡ ಆಲೌಟ್ ಆಯಿತು, ಎದುರಾಳಿಗೆ ಲೋನಾದ ಎರಡು ಅಂಕ ಹೆಚ್ಚುವರಿಯಾಗಿ ಸಿಕ್ಕವು. ಸೋಲಿನ ಅಂತರವೂ ಎರಡೇ ಅಂಕ. ದ್ವಿತೀಯಾರ್ಧದಲ್ಲಿ ಅಂತರವನ್ನು ಒಂದಕ್ಕೆ ಇಳಿಸಿದ್ದು ಮಾತ್ರ ಆ ಡಿಗ್ರಿ ಹುಡುಗನೇ. ಇದನ್ನೆಲ್ಲ ಕಣ್ಣಾರೆ ಕಂಡ ಜನವೇ ಕೊನೆಯ ಮೂವತ್ತು ಸೆಕೆಂಡನ್ನು ಮಾತ್ರ ಮನೆಗೆ ಒಯ್ದರು. ನನ್ನ ತಕರಾರು ಇರುವುದು ಅಲ್ಲಿ. ಸಿಟ್ಟು ಬಂದದ್ದು ತಪ್ಪಲ್ಲ. ಏಳು ಜನರ ಸೋಲನ್ನು ಒಬ್ಬನ ತಲೆಗೆ ಕಟ್ಟಿದ್ದು ತಪ್ಪು.

ಇದು ನಮ್ಮ ಹಳ್ಳಿಗಳಿಗಷ್ಟೇ ಅಂಟಿದ ರೋಗವಲ್ಲ. 2016ರ ಮೇ 29ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಫೈನಲ್ ನಡೆಯಿತು. ಹೈದರಾಬಾದ್ 208 ರನ್ ಹೊಡೆಯಿತು. ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೆ 114 ರನ್ ಸೇರಿಸಿದ ಮೇಲೂ ಆರ್‌ಸಿಬಿ 8 ರನ್‌ಗಳಿಂದ ಸೋತಿತು. ಆ ರಾತ್ರಿಯಿಂದ ಇವತ್ತಿನವರೆಗೆ ಸೋಲಿನ ಮಾತು ಬಂದರೆ ಮೊದಲು ಬರುವ ಹೆಸರು ವಾಟ್ಸನ್, ಅವರ ನಾಲ್ಕು ಓವರಿಗೆ ಹೋದ 61 ರನ್. ಲೆಕ್ಕ ಸರಿ. ಆದರೆ ಆ ಭರ್ಜರಿ ಆರಂಭದ ನಂತರ ಮಧ್ಯಮ ಕ್ರಮಾಂಕ ಕುಸಿದದ್ದೂ ಅದೇ ಲೆಕ್ಕದಲ್ಲಿದೆ. ಆ ಮಾತನ್ನು ಎತ್ತುವವರು ಕಡಿಮೆ. 2023ರ ಮೇ 21ರಂದು ಅದೇ ಮೈದಾನದಲ್ಲಿ ಶುಭಮನ್ ಗಿಲ್ ಶತಕ ಹೊಡೆದು ಗುಜರಾತನ್ನು ಗೆಲ್ಲಿಸಿದಾಗ ಆರ್‌ಸಿಬಿಯ ಪ್ಲೇಆಫ್ ದಾರಿ ಮುಚ್ಚಿತು. ಆ ರಾತ್ರಿ ಕೆಲವರ ಬೈಗುಳ ಗಿಲ್ ಅವರನ್ನೂ ದಾಟಿ ಅವರ ಸಹೋದರಿಯವರೆಗೆ ಹೋಯಿತು. ಚೆನ್ನಾಗಿ ಆಡಿದ್ದಕ್ಕೆ ಎದುರಾಳಿಯ ಮನೆಯ ಹೆಣ್ಣುಮಗಳನ್ನು ಬೈಯುವವರನ್ನು ಅಭಿಮಾನಿ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಬೆಂಗಳೂರಿಗೂ ವಡಗೇರಾಕ್ಕೂ ಒಂದು ವ್ಯತ್ಯಾಸವಿದೆ, ನನ್ನ ಆತಂಕ ಹೆಚ್ಚುವುದು ಅದರಿಂದಲೇ. ವಾಟ್ಸನ್ ವಿಮಾನ ಹತ್ತಿ ಆಸ್ಟ್ರೇಲಿಯಾಕ್ಕೆ ಹೋದರು. ಬೈದವರ ಮುಖವನ್ನು ಅವರು ನೋಡಬೇಕಾಗಿರಲಿಲ್ಲ. ನಮ್ಮ ಹುಡುಗ ಮರುದಿನ ಬೆಳಿಗ್ಗೆ ಅದೇ ಚಹಾದಂಗಡಿ ಮುಂದೆ ಬಸ್ಸಿಗೆ ನಿಲ್ಲಬೇಕು. ‘ರೊಕ್ಕ ತಿಂದಾನ’ ಎಂದವರಲ್ಲಿ ಅವನ ಕಾಕಾ ಇರಬಹುದು, ಶಾಲೆಯಲ್ಲಿ ಕಲಿಸಿದ ಮೇಷ್ಟ್ರು ಇರಬಹುದು, ಅವನಪ್ಪ ದುಡಿಯಲು ಹೋಗುವ ಹೊಲದ ಗೌಡರು ಇರಬಹುದು. ಆಡಿದವನೂ ನೋಡಿದವರೂ ಒಂದೇ ಓಣಿಯಲ್ಲಿ ಇರುವ ಕಡೆ ಮಾತಿಗೆ ತೂಕ ಹೆಚ್ಚು. ಅಷ್ಟೇ ಅಲ್ಲ, ನಮ್ಮೂರಲ್ಲಿ ಹುಡುಗರ ಜೊತೆ ಅವರ ಕೇರಿ, ಜಾತಿ, ಮನೆತನದ ಹೆಸರೂ ಅಂಕಣಕ್ಕೆ ಇಳಿಯುತ್ತವೆ. ಸೋಲಿನ ಹೊಣೆಯನ್ನು ಹುಡುಕುವಾಗ ಬೆರಳು ಯಾವ ಕೇರಿಯ ಕಡೆ ಬೇಗ ತಿರುಗುತ್ತದೆ ಎಂಬುದನ್ನು ಗಮನಿಸಿದವರಿಗೆ ನಾನು ಹೇಳುತ್ತಿರುವುದು ಅರ್ಥವಾದೀತು. ಹೀಗೆ ಒಂದು ಸಲ ಬೈಸಿಕೊಂಡು ಆಟ ಬಿಟ್ಟ ಹುಡುಗರು ನಮ್ಮಲ್ಲಿದ್ದಾರೆ. ಅವರ ಬದಲಿಗೆ ಬಂದವರು ಕೊನೆಯ ರೈಡಿಗೆ ಹೋಗಲು ಹಿಂಜರಿಯುತ್ತಾರೆ. ಹೋದರೂ ಮುಟ್ಟಲು ನೋಡುವುದಿಲ್ಲ, ಸಿಕ್ಕಿಬೀಳದೆ ಬರಲು ನೋಡುತ್ತಾರೆ. ಪ್ರೇಕ್ಷಕರ ಬಾಯಿ ಆಟವನ್ನೇ ಅಂಜುಬುರುಕ ಮಾಡುವುದು ಹೀಗೆ.

ಕೋಪ ಕೈಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ 1996ರ ಮಾರ್ಚ್ 13ರ ಈಡನ್ ಗಾರ್ಡನ್ಸ್ ಸಾಕ್ಷಿ. ವಿಶ್ವಕಪ್ ಸೆಮಿಫೈನಲ್‌ನಲ್ಲಿ ಭಾರತ 8 ವಿಕೆಟ್ಟಿಗೆ 120 ಆಗಿದ್ದಾಗ ಬಾಟಲಿ ತೂರಿದರು, ಗ್ಯಾಲರಿಗೆ ಬೆಂಕಿ ಹಚ್ಚಿದರು. ಪಂದ್ಯವನ್ನು ಶ್ರೀಲಂಕಾಕ್ಕೆ ಕೊಟ್ಟರು, ವಿನೋದ್ ಕಾಂಬ್ಳಿ ಅಳುತ್ತ ಹೊರನಡೆದರು. ಈ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಹೇಳಬೇಕಾದದ್ದು ಮೈಸೂರಿನ ಬಗ್ಗೆ. 2010ರ ಜನವರಿಯಲ್ಲಿ ರಣಜಿ ಫೈನಲ್ ನಡೆದದ್ದು ಮೈಸೂರು ವಿಶ್ವವಿದ್ಯಾಲಯದ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ, ವಿದ್ಯಾರ್ಥಿಗಳ ಅಂಗಳದಲ್ಲೇ ಎನ್ನಬೇಕು. ಜನ ಎಷ್ಟು ಸೇರಿದರೆಂದರೆ ಸುತ್ತಲಿನ ಮರಗಳೂ ಗ್ಯಾಲರಿಯಾದವು. ಮುಂಬೈ ಮೊದಲ ಸರದಿಯಲ್ಲಿ 233, ಕರ್ನಾಟಕ ಬರೀ 130. ಎರಡನೇ ಸರದಿಯಲ್ಲಿ ಮುಂಬೈ ತತ್ತರಿಸಿದಾಗ ಧವಳ್ ಕುಲಕರ್ಣಿ 87 ಹೊಡೆದು ಮೊತ್ತವನ್ನು 234ಕ್ಕೆ ಮುಟ್ಟಿಸಿದರು. ಕರ್ನಾಟಕಕ್ಕೆ ಗುರಿ 338. ಇಪ್ಪತ್ತು ವರ್ಷದ ಮನೀಶ್ ಪಾಂಡೆ 144 ಹೊಡೆದರು, ಗಣೇಶ್ ಸತೀಶ್ ಜೊತೆ ನಾಲ್ಕನೇ ವಿಕೆಟ್ಟಿಗೆ 209 ರನ್ ಸೇರಿಸಿದರು. ಗೆಲುವು ಕೈಗೆ ಬಂದೇ ಬಿಟ್ಟಿತು ಎನ್ನುವಾಗ ಅಗರ್ಕರ್ ಐದು ವಿಕೆಟ್ ಕಿತ್ತರು. ಕರ್ನಾಟಕ 331ಕ್ಕೆ ಆಲೌಟ್, 6 ರನ್ನಿನ ಸೋಲು.

ತವರಿನಲ್ಲಿ ಇದಕ್ಕಿಂತ ಕಹಿಯಾದ ಸೋಲು ಕರ್ನಾಟಕ ತಂಡಕ್ಕೆ ಅಪರೂಪ. ಆದರೂ ಈ ಪಂದ್ಯ ಕನ್ನಡಿಗರ ನೆನಪಿನಲ್ಲಿ ಉಳಿದ ಬಗೆಯನ್ನು ಗಮನಿಸಿ. ಆ ಫೈನಲ್ ಬಗ್ಗೆ ಕೇಳಿದರೆ ಮೊದಲು ಬರುವುದು ಮನೀಶ್ ಆಟ, ಆಮೇಲೆ ಮೈದಾನದ ಜನಸಾಗರ. ಕೊನೆಗೆ ಔಟಾದವರು ಯಾರು ಎಂದರೆ ಬಹಳ ಜನ ತಡವರಿಸುತ್ತಾರೆ. ತಪ್ಪಿತಸ್ಥನೊಬ್ಬನನ್ನು ಗೊತ್ತುಮಾಡದೆ ಒಂದು ಸೋಲನ್ನು ಇಡಿಯಾಗಿ ನೆನಪಿಟ್ಟುಕೊಂಡದ್ದು ಅಭಿಮಾನಿಗಳ ದೊಡ್ಡತನ ಎಂದೇ ನಾನು ತಿಳಿಯುತ್ತೇನೆ. ಆ ತಂಡದ ವಿನಯ್ ಕುಮಾರ್, ಉತ್ತಪ್ಪ, ಮನೀಶ್, ಮಿಥುನ್ ಮುಂದೆ 2013–14ರಲ್ಲಿ, ಮತ್ತೆ 2014–15ರಲ್ಲಿ ರಣಜಿ ಗೆದ್ದ ಕರ್ನಾಟಕದಲ್ಲೂ ಇದ್ದರು. ಜನ ಬೈಯಲಿಲ್ಲ ಎಂಬ ಕಾರಣಕ್ಕೇ ಗೆದ್ದರು ಎಂದು ಹೇಳುವಷ್ಟು ಸಲೀಸು ಲೆಕ್ಕ ನನ್ನದಲ್ಲ. ಸೋತವರನ್ನು ಉಳಿಸಿಕೊಂಡರೆ ಮಾತ್ರ ಅವರು ಗೆಲ್ಲುವ ದಿನವೊಂದು ಬರಲು ಸಾಧ್ಯ ಎಂಬುದಷ್ಟೇ ನನ್ನ ಮಾತು.

ಇನ್ನೊಂದು ನೆನಪು ಚೆನ್ನೈನ ಟೆಸ್ಟ್ ಪಂದ್ಯದ್ದು. ಅದು ನಮ್ಮ ನಾಡಿನದಲ್ಲ, ಆದರೆ ಅದರ ಕೊನೆಯ ಗಳಿಗೆ ಪೂರ್ತಿ ಕನ್ನಡಿಗರದು. 1999ರ ಜನವರಿ 31, ಎದುರಾಳಿ ಪಾಕಿಸ್ತಾನ, ಗುರಿ 271. ಬೆನ್ನುನೋವಿನಲ್ಲೇ 136 ಹೊಡೆದ ಸಚಿನ್ ಔಟಾದಾಗ ಬೇಕಿದ್ದುದು 17 ರನ್. ಉಳಿದವರು ಕುಂಬ್ಳೆ, ಗದಗಿನ ಸುನಿಲ್ ಜೋಶಿ, ಶ್ರೀನಾಥ್, ವೆಂಕಟೇಶ್ ಪ್ರಸಾದ್, ನಾಲ್ವರೂ ಕರ್ನಾಟಕದವರೇ. ಭಾರತ 258ಕ್ಕೆ ಮುಗಿಯಿತು, ಸೋಲು 12 ರನ್ನಿನದು. ‘ನಾಲ್ಕು ಜನ ಸೇರಿ 17 ರನ್ ಹೊಡೆಯಲಾಗಲಿಲ್ಲವೇ’ ಎನ್ನುವುದು ಎಲ್ಲರ ನಾಲಿಗೆ ತುದಿಯಲ್ಲಿ ಇದ್ದಿರಬೇಕು. ಅಲ್ಲಿನ ಚೆಪಾಕ್ ಮೈದಾನದ ಪ್ರೇಕ್ಷಕರು ಸ್ವಲ್ಪ ಹೊತ್ತು ಮೌನವಾದರು. ಆಮೇಲೆ ಎದ್ದು ನಿಂತು ಪಾಕಿಸ್ತಾನ ತಂಡಕ್ಕೆ ಚಪ್ಪಾಳೆ ತಟ್ಟಿದರು, ಗೆದ್ದವರು ಮೈದಾನದ ಸುತ್ತ ಓಡಿ ವಂದಿಸಿದರು. ಒಂದೇ ವಾರದಲ್ಲಿ, ಫೆಬ್ರವರಿ 7ರಂದು, ಅದೇ ಕುಂಬ್ಳೆ ದೆಹಲಿಯಲ್ಲಿ ಅದೇ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತರು. ಚೆಪಾಕ್‌ನ ಜನ ಎದುರಾಳಿಯ ಆಟ ಬಲ್ಲವರಾಗಿದ್ದರು. ಸಕ್ಲೇನ್ ಎರಡೂ ಸರದಿಯಲ್ಲಿ ಐದೈದು ವಿಕೆಟ್ ಪಡೆದದ್ದು ಅವರ ಕಣ್ಣ ಮುಂದೆಯೇ ನಡೆದಿತ್ತು. ಗೆದ್ದವರ ಆಟದ ಬೆಲೆ ತಿಳಿದವರು ಸೋತವರಲ್ಲಿ ಮೋಸಗಾರನನ್ನು ಹುಡುಕುವುದಿಲ್ಲ.

ಕಾಲೇಜು ಬ್ಯಾಸ್ಕೆಟ್‌ಬಾಲ್ ಎಂದರೆ ಪ್ರಾಣ ಬಿಡುವ ಅಮೆರಿಕದಲ್ಲೂ ಇಂಥ ರಾತ್ರಿಗಳು ಬರುತ್ತವೆ. ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ದೊಡ್ಡ ಪಂದ್ಯಕ್ಕೆ ಒಳಗೆ ಹೋಗಲು ವಾರಗಟ್ಟಲೆ ಹೊರಗೆ ಡೇರೆ ಹಾಕಿ ಮಲಗುತ್ತಾರೆ. 2019ರ ನವೆಂಬರ್ 26ರಂದು ದೇಶದಲ್ಲೇ ಮೊದಲ ಸ್ಥಾನದಲ್ಲಿದ್ದ ಅವರ ತಂಡ, ಟೆಕ್ಸಾಸಿನ ಸಣ್ಣ ಊರೊಂದರ ಸ್ಟೀಫನ್ ಎಫ್. ಆಸ್ಟಿನ್ ವಿಶ್ವವಿದ್ಯಾಲಯದ ಎದುರು ತನ್ನದೇ ಅಂಗಳದಲ್ಲಿ ಹೆಚ್ಚುವರಿ ಅವಧಿಯಲ್ಲಿ 85–83ರಿಂದ ಸೋತಿತು. ತಮ್ಮ ಲೀಗಿನ ಹೊರಗಿನ ತಂಡಗಳ ವಿರುದ್ಧ ತವರಿನಲ್ಲಿ ಸತತ 150 ಪಂದ್ಯ ಗೆದ್ದ ದಾಖಲೆ ಅಲ್ಲಿಗೆ ಮುರಿಯಿತು. ಕೊನೆಯ ಕ್ಷಣದಲ್ಲಿ ಚೆಂಡು ಹಿಡಿದು ಅಂಕಣದುದ್ದಕ್ಕೂ ಓಡಿ ಬುಟ್ಟಿಗೆ ಹಾಕಿದವರು ಬಹಾಮಾಸ್‌ನ ನೇಥನ್ ಬೇನ್. ಡೋರಿಯನ್ ಚಂಡಮಾರುತದಲ್ಲಿ ಅವರ ಕುಟುಂಬ ಎಲ್ಲ ಕಳೆದುಕೊಂಡಿತ್ತು. ಅವರಿಗಾಗಿ ಮೊದಲೇ ಶುರುವಾಗಿದ್ದ ಸಹಾಯ ನಿಧಿ ಆ ಪಂದ್ಯದ ನಂತರದ ಕೆಲವೇ ದಿನಗಳಲ್ಲಿ ಒಂದು ಲಕ್ಷ ಡಾಲರ್ ದಾಟಿತು. ನೋಡಿದ ಜನ ತಮ್ಮನ್ನು ಸೋಲಿಸಿದವನ ಕಥೆಯನ್ನೂ ಕೇಳಿಸಿಕೊಳ್ಳಬಲ್ಲರು ಎಂಬುದಕ್ಕೆ ಇದನ್ನು ಹೇಳಿದೆ.

ಇಷ್ಟು ಹೇಳಿದ ಕೂಡಲೇ ‘ಸೋಲು ಗೆಲುವನ್ನು ಸಮಾನವಾಗಿ ಸ್ವೀಕರಿಸಬೇಕು’ ಎಂಬ ವೇದಿಕೆ ಭಾಷಣಕ್ಕೆ ನಾನು ದನಿಗೂಡಿಸುತ್ತಿದ್ದೇನೆ ಎಂದು ತಿಳಿಯಬಾರದು. ಆ ಮಾತು ಸುಳ್ಳು. ಸೋಲು ಗೆಲುವು ಸಮಾನವಲ್ಲ, ಸಮಾನವಾಗಿದ್ದರೆ ರಾತ್ರಿ ಎರಡು ಗಂಟೆಯವರೆಗೆ ಚಳಿಯಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ತವರಿನ ಸೋಲು ನೋಯಿಸಲೇಬೇಕು. ನೋಯದವನಿಗೆ ತಂಡದ ಮೇಲೆ ಪ್ರೀತಿ ಇಲ್ಲ. ಟೀಕೆಯೂ ಬೇಕು. ‘ಮೂವರಿದ್ದಾಗ ಮೂಲೆಯವನು ಹಿಡಿದರೆ ಉಳಿದಿಬ್ಬರು ಯಾಕ ಬರಲಿಲ್ಲ?’ ಎಂದು ಕೇಳುವ ಹಿರಿಯನೊಬ್ಬ ಆ ರಾತ್ರಿ ಇದ್ದಿದ್ದರೆ ತಂಡಕ್ಕೆ ಮುಂದಿನ ಪಂದ್ಯದ ಪಾಠ ಅಲ್ಲೇ ಸಿಗುತ್ತಿತ್ತು. ‘ಅವ ಕೆಡಿಸಿದ’ ಎನ್ನುವ ಮಾತಿನಿಂದ ಯಾರೂ ಏನೂ ಕಲಿಯಲಾರರು. ಅಂಪೈರ್ ತಪ್ಪು ಮಾಡಿದ್ದರೆ ನಾಯಕ ಕೇಳಲಿ, ಅದಕ್ಕೆ ನಿಯಮವಿದೆ. ಅಂಕಣದೊಳಗೆ ನುಗ್ಗಿ ಕೇಳುವ ಅಧಿಕಾರ ಪ್ರೇಕ್ಷಕರಿಗಿಲ್ಲ.

ವೀಕ್ಷಕ ವಿವರಣೆಗಾರರ ಹೊಣೆಯೂ ಇಲ್ಲಿ ದೊಡ್ಡದು. ಮೈಕ್ ಹಿಡಿದವರು ಪಂದ್ಯದುದ್ದಕ್ಕೂ ಎಷ್ಟು ಚೆಂದ ಮಾತಾಡುತ್ತಾರೆ! ರೈಡರ್‌ನ ಹೆಜ್ಜೆ, ಹಿಡಿತದ ಪಟ್ಟು, ಎಲ್ಲವನ್ನೂ ನಮ್ಮ ಮಾತಿನಲ್ಲೇ ಕಣ್ಣಿಗೆ ಕಟ್ಟುತ್ತಾರೆ. ಕೊನೆಯ ಸೀಟಿ ಬಿದ್ದ ಮೇಲೆ ಅವರು ಗೆದ್ದವರ ಹೆಸರು ಕೂಗಿ ದಾನಿಗಳ ಪಟ್ಟಿ ಓದಲು ಶುರುಮಾಡುತ್ತಾರೆ. ಅದಕ್ಕೆ ಮೊದಲು ಐದು ನಿಮಿಷ ಪಂದ್ಯ ಯಾವ ಹಂತದಲ್ಲಿ ತಿರುಗಿತು ಎಂದು ವಿವರಿಸಿದರೆ, ಸೋತ ತಂಡದಲ್ಲಿ ಯಾರು ಎಷ್ಟು ಅಂಕ ತಂದರು ಎಂದು ಓದಿದರೆ, ಓಣಿಯಲ್ಲಿ ಮರುದಿನ ಹರಡುವ ಮಾತು ಬೇರೆಯೇ ಆಗುತ್ತದೆ. ಆ ಹುಡುಗ ದ್ವಿತೀಯಾರ್ಧದಲ್ಲಿ ತಂದ ಅಂಕಗಳನ್ನು ಯಾರಾದರೂ ಮೈಕಿನಲ್ಲಿ ಹೇಳಿದ್ದರೆ ‘ರೊಕ್ಕ ತಿಂದಾನ’ ಎನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಸಂಘಟಕರು ಎರಡನೇ ಬಹುಮಾನವನ್ನು ಮೊದಲೇ ಕೊಟ್ಟುಬಿಡಲಿ. ಈಗಿನಂತೆ ಕೊನೆಗೆ, ಅರ್ಧ ದೀಪ ಆರಿಸಿದ ಮೇಲೆ ಕೊಡುವುದು ಬೇಡ.

ಇನ್ನು ನೋಡಲು ಬರುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ನನ್ನ ಕೋರಿಕೆ ಒಂದೇ. ಈ ಹಂಗಾಮಿನಲ್ಲಿ ನಿಮ್ಮೂರಿನ ತಂಡ ಫೈನಲ್‌ನಲ್ಲಿ ಸೋತರೆ ತಕ್ಷಣ ಎದ್ದು ಹೋಗಬೇಡಿ. ಬಹುಮಾನ ಕೊಡುವವರೆಗೆ ನಿಲ್ಲಿ, ನಿಮ್ಮ ಹುಡುಗರು ಎರಡನೇ ಕಪ್ ಎತ್ತುವಾಗ ಚಪ್ಪಾಳೆ ತಟ್ಟಿ. ಕೊನೆಯ ರೈಡಿಗೆ ಹೋಗಿ ಸಿಕ್ಕಿಬಿದ್ದವನು ಹತ್ತಿರ ಬಂದರೆ ‘ಛಲೋ ಆಡಿದಿ ತಮ್ಮಾ, ನಾಳಿ ಮೈದಾನಕ್ಕ ಬಾ’ ಎಂದು ಹೇಳಿ ಕಳಿಸಿ.