ಇದ್ದುಕೊಂಡೇ ಮಾಡಿಸುವ ರಿಪೇರಿ

ಜಯನಗರ, ರಾಜಾಜಿನಗರದಂಥ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆ ರಿಪೇರಿ ಮಾಡಿಸುವವರು ಸಾಮಾನ್ಯವಾಗಿ ಮನೆ ಬಿಟ್ಟು ಹೋಗುವುದಿಲ್ಲ. ಹಾಲಿನಲ್ಲಿ ಮೊಸಾಯಿಕ್ ನೆಲ ಅಗೆಯುತ್ತಿದ್ದರೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿರುತ್ತದೆ. ಕಾರಣ ಎಲ್ಲರಿಗೂ ಗೊತ್ತಿರುವುದೇ. ಎರಡು ತಿಂಗಳ ಮಟ್ಟಿಗೆ ಮನೆ ಬಾಡಿಗೆಗೆ ಸಿಗುವುದು ಕಷ್ಟ. ಸಿಕ್ಕರೂ 11 ತಿಂಗಳ ಕರಾರು, ಕೈತುಂಬ ಅಡ್ವಾನ್ಸು, ಎರಡು ಸಲ ಸಾಮಾನು ಸಾಗಿಸುವ ಖರ್ಚು. ನೆಂಟರ ಮನೆಯಲ್ಲಿ ಒಂದು ವಾರ ಇರಬಹುದು. ಆಮೇಲೆ ಅವರಿಗೂ ಕಷ್ಟ, ನಮಗೂ ಸಂಕೋಚ.

ಈ ಹಣದ ಲೆಕ್ಕದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅದರ ಜೊತೆ ಹೇಳುವ ಇನ್ನೊಂದು ಮಾತಿನ ಬಗ್ಗೆ: ‘ನಾವು ಕಣ್ಣೆದುರಿಗಿದ್ದರೆ ಕೆಲಸ ನೆಟ್ಟಗೆ ಆಗುತ್ತೆ ಕಣ್ರೀ.’ ಈ ಮಾತು ಅರ್ಧ ಮಾತ್ರ ನಿಜ.

ನಿಜವಾದ ಅರ್ಧ ಕಣ್ಣಿನ ಕೆಲಸಕ್ಕೆ ಸೇರಿದ್ದು. ಎಲೆಕ್ಟ್ರಿಷಿಯನ್ ಗೋಡೆ ಕೊರೆಯುವ ಮುನ್ನ ಸ್ವಿಚ್‌ಬೋರ್ಡು ಬೀರುವಿನ ಹಿಂದೆ ಮುಚ್ಚಿಹೋಗುತ್ತದೆ ಎಂದು ಹೇಳಬಲ್ಲವರು ಆ ಮನೆಯಲ್ಲಿ ವಾಸವಿರುವವರೇ. ದೊಡ್ಡ ಕುಕ್ಕರು, ಇಡ್ಲಿ ಪಾತ್ರೆ ಹಿಡಿಸುವಷ್ಟು ಕಪಾಟು ಎತ್ತರವಿರಬೇಕೆಂದು ಬಡಗಿಗೆ ತೋರಿಸಬೇಕಾದವರೂ ಅವರೇ. ಇಂಥ ಕೆಲಸಗಳಲ್ಲಿ ಮನೆಯವರ ಹಾಜರಿ ಲಾಭವೇ.

ಸಿಮೆಂಟು ಕಲಸುವಲ್ಲಿಗೆ ಬಂದಾಗ ಲೆಕ್ಕ ತಿರುಗುಮುರುಗಾಗುತ್ತದೆ. ಸಿಮೆಂಟಿಗೆ ಬೇಕಾದದ್ದು ನೀರು ಮತ್ತು ಪುರುಸೊತ್ತು. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುವಂತೆ ಮಾಮೂಲಿ ಸಿಮೆಂಟಿನದಾದರೆ ಕನಿಷ್ಠ 7 ದಿನ, ಪಿಪಿಸಿಯಂಥ ಬೆರಕೆ ಸಿಮೆಂಟಿನದಾದರೆ 10 ದಿನ ಸತತವಾಗಿ ತೇವವಾಗಿಟ್ಟಿರಬೇಕು. ಬಾತ್‌ರೂಮಿನ ಕಥೆ ಇನ್ನೂ ಉದ್ದ. ಹಳೆಯ ಟೈಲ್ಸ್ ಒಡೆದು, ಪೈಪು ಬದಲಿಸಿ, ವಾಟರ್‌ಪ್ರೂಫಿಂಗ್ ಬಳಿದು, ಅದು ಒಣಗಿದ ಮೇಲೆ ನೆಲದಲ್ಲಿ ನೀರು ಕಟ್ಟಿ ಎರಡು ದಿನ ಸೋರುತ್ತದೆಯೋ ಇಲ್ಲವೋ ನೋಡಿ, ಆಮೇಲೆ ಹೊಸ ಟೈಲ್ಸ್ ಕೂರಿಸಬೇಕು. ಒಂದೇ ಬಾತ್‌ರೂಮಿರುವ ಮನೆಯಲ್ಲಿ ಐದು ಜನ ಪಕ್ಕದ ಮನೆಯವರ ಬಾಗಿಲು ತಟ್ಟುತ್ತಿರುವಾಗ ಆ ಎರಡು ದಿನವನ್ನು ಯಾರು ಕೊಡುತ್ತಾರೆ? ‘ಇವತ್ತೇ ಟೈಲ್ಸ್ ಹಾಕಿಬಿಡಿ ಮೇಸ್ತ್ರಿ, ಏನೂ ಆಗಲ್ಲ’ ಎನ್ನುವುದು ಮೇಸ್ತ್ರಿಯಲ್ಲ, ಮನೆಯವರು. ಮುಂದಿನ ಮಳೆಗಾಲದಲ್ಲಿ ಕೆಳಗಿನ ಕೋಣೆಯ ತಾರಸಿಯಲ್ಲಿ ಕಲೆ ಮೂಡಿದಾಗ ಬೈಗುಳ ಮಾತ್ರ ಮೇಸ್ತ್ರಿಯ ಪಾಲಿಗೆ. ಕಾವಲಿಗೆಂದು ಉಳಿದವರೇ ಕೆಲಸವನ್ನು ಅವಸರಪಡಿಸುವುದು ಈ ಪದ್ಧತಿಯ ದೊಡ್ಡ ದೋಷ. ಇದನ್ನು ಯಾರೂ ಖರ್ಚಿನ ಪಟ್ಟಿಯಲ್ಲಿ ಬರೆಯುವುದಿಲ್ಲ.

ಇನ್ನು ಧೂಳು. ಗ್ರಾನೈಟು, ವಿಟ್ರಿಫೈಡ್ ಟೈಲು, ಕಾಂಕ್ರೀಟು ಇವನ್ನೆಲ್ಲ ಕತ್ತರಿಸಿದಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದರ ಹರಳುರೂಪವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಆ ಅಪಾಯ ಮುಖ್ಯವಾಗಿ ವರ್ಷಗಟ್ಟಲೆ ಕಟರ್ ಹಿಡಿಯುವ ಕೆಲಸಗಾರರದು ಎನ್ನುವುದನ್ನೂ ಸೇರಿಸಿಯೇ ಹೇಳಬೇಕು. ಅವರಲ್ಲಿ ಎಷ್ಟೋ ಜನ ಮೂಗಿಗೆ ಟವೆಲು ಕಟ್ಟಿಕೊಂಡು ಕೂತಿರುತ್ತಾರೆ. ಆದರೂ ಉಬ್ಬಸವಿರುವ ಅಜ್ಜ, ತೊಟ್ಟಿಲ ಮಗು ಇರುವ ಮನೆಯಲ್ಲಿ ಕೆಲವು ವಾರದ ಧೂಳೂ ಸಣ್ಣ ವಿಷಯವಲ್ಲ. ಬಾಗಿಲಿಗೆ ಹಳೆಯ ಸೀರೆ ಇಳಿಬಿಟ್ಟರೆ ದಪ್ಪ ಧೂಳು ನಿಲ್ಲುತ್ತದೆ, ಶ್ವಾಸಕೋಶದ ಆಳಕ್ಕಿಳಿಯುವ ಸಣ್ಣ ಧೂಳು ನಿಲ್ಲುವುದಿಲ್ಲ. ಸೆಖೆಯೆಂದು ಸೀಲಿಂಗ್ ಫ್ಯಾನು ಜೋರಾಗಿ ಹಾಕುವುದಂತೂ ಧೂಳನ್ನು ಮನೆತುಂಬ ಹಂಚಿದ ಹಾಗೆ. ಕೆಲಸದ ಕೋಣೆಯ ಕಿಟಕಿಯಲ್ಲಿ ಒಂದು ಎಕ್ಸಾಸ್ಟ್ ಫ್ಯಾನನ್ನು ಹೊರಮುಖವಾಗಿಟ್ಟರೆ ಗಾಳಿ ಮನೆಯಿಂದ ಆ ಕೋಣೆಗೆ ಹರಿದು ಹೊರಗೆ ಹೋಗುತ್ತದೆ, ಧೂಳು ಒಳಗೆ ಬರುವುದು ಕಡಿಮೆಯಾಗುತ್ತದೆ. ಟೈಲ್ಸನ್ನು ನೀರು ಬಿಟ್ಟುಕೊಂಡು ಅಂಗಳದಲ್ಲೇ ಕತ್ತರಿಸಬೇಕೆಂದು ಮೊದಲ ದಿನವೇ ಮಾತಾಡಿಕೊಳ್ಳಬೇಕು. ಕೂಲಿ ತುಸು ಹೆಚ್ಚು ಕೇಳಿಯಾರು, ಕೊಡಿ.

ಮೂವತ್ತು-ನಲವತ್ತು ಸೈಟಿನ ಮನೆಗಳಲ್ಲಿ ನಿಜವಾದ ಅಡ್ಡಿ ಬೇರೆಯೇ ಇದೆ. ಎಲ್ಲ ಕೋಣೆಗಳ ಬಾಗಿಲೂ ಹಾಲಿಗೇ ತೆರೆಯುತ್ತವೆ. ಹಾಲು ಅಗೆದರೆ ಇಡೀ ಮನೆ ಅಗೆದಂತೆ. ಮಹಡಿಯಿದ್ದು, ಮೆಟ್ಟಿಲು ಹೊರಗಿನಿಂದ ಇರುವವರು ಪುಣ್ಯವಂತರು: ಮೇಲೆ ಸಂಸಾರ, ಕೆಳಗೆ ಕೆಲಸ, ಆಮೇಲೆ ಅದಲುಬದಲು. ಒಂದೊಂದೇ ಕೋಣೆ ಮುಗಿಸುತ್ತ ಸಾಗುವುದು ಕಡಿಮೆ ತೊಂದರೆಯ ದಾರಿಯೆಂದು ಹಲವರು ನಂಬಿದ್ದಾರೆ. ನನಗೆ ಅದು ಎಲ್ಲಕ್ಕಿಂತ ಕೆಟ್ಟ ದಾರಿಯಾಗಿ ಕಾಣುತ್ತದೆ. ಅದೇ ಮಂಚ, ಅದೇ ಬೀರು ನಾಲ್ಕು ಸಲ ಜಾಗ ಬದಲಿಸುತ್ತವೆ, ಕೆಲಸಗಾರರು ನಡುವೆ ಬೇರೆ ಸೈಟಿಗೆ ಹೋಗಿ ವಾರವಾದರೂ ತಿರುಗಿ ಬರುವುದಿಲ್ಲ.

ಇದರ ಭಾರ ಬೀಳುವುದು ಯಾರ ಮೇಲೆ ಎನ್ನುವುದನ್ನು ಮರೆತು ಈ ಪದ್ಧತಿಯನ್ನು ಅಳೆಯಲಾಗದು. ಯಜಮಾನರು ಬೆಳಗ್ಗೆ ಮೇಸ್ತ್ರಿಗೆ ನಾಲ್ಕು ಮಾತು ಹೇಳಿ ಆಫೀಸಿಗೆ ಹೊರಡುತ್ತಾರೆ. ಬಾಲ್ಕನಿಯಲ್ಲಿ ಒಂದೇ ಒಲೆಯಿಟ್ಟುಕೊಂಡು ಮನೆಯವರಿಗೆ ಅಡುಗೆ, ಕೆಲಸದವರಿಗೆ ಹನ್ನೊಂದು ಗಂಟೆಯ ಟೀ, ಸಂಪಿನ ನೀರಿನ ಲೆಕ್ಕ, ಸಂಜೆ ಇಡೀ ಮನೆ ಒರೆಸುವುದು, ಶನಿವಾರ ಬಟವಾಡೆಗೆ ಚಿಲ್ಲರೆ ಹೊಂದಿಸುವುದು ಮನೆಯಲ್ಲುಳಿದ ಹೆಂಗಸಿನ ಪಾಲು. ಉಳಿಸಿದ ಬಾಡಿಗೆಯಿಂದ ಆಕೆಯ ಈ ದುಡಿಮೆಯನ್ನು ಕಳೆದು ನೋಡಿದರೆ ಉಳಿತಾಯ ಎಷ್ಟು ನಿಲ್ಲುತ್ತದೋ ಕಾಣೆ. ಅಡುಗೆಮನೆ ಮತ್ತು ಬಾತ್‌ರೂಮನ್ನು ಒಟ್ಟಿಗೇ ಒಡೆಸುವವರನ್ನಂತೂ ಧೈರ್ಯಶಾಲಿಗಳೆನ್ನಲಾರೆ.

ಹಾಗಾದರೆ ಮನೆಯಲ್ಲೇ ಇರುವುದು ಯಾವಾಗ ಸರಿ? ವೈರಿಂಗು, ಮರಗೆಲಸ, ಬಣ್ಣ, ಇನ್ನೊಂದು ಬಾತ್‌ರೂಮಿದ್ದಾಗ ಬಾತ್‌ರೂಮು, ಇಷ್ಟಕ್ಕೆ ಇರಬಹುದು. ಇಡೀ ನೆಲ ಕಿತ್ತು ಹಾಕುವುದಾದರೆ ಹೊರಡಬೇಕು, ಸಾಲ ಮಾಡಿಯಾದರೂ.

ಇದ್ದು ನೋಡಲೇಬೇಕಾದ ಒಂದು ಹಂತವೂ ಇದೆ, ಅದನ್ನೇ ಜನ ಹಾರಿಸುತ್ತಾರೆ. ಹೊಸ ಗಾರೆ ಸುಮಾರು ನಾಲ್ಕು ವಾರ ಒಣಗಿದ ಮೇಲಷ್ಟೇ ಬಣ್ಣ ಹಚ್ಚಬೇಕು. ಬೂದುಬಣ್ಣದ ಬೋಳುಗೋಡೆಗಳ ನಡುವಿನ ಆ ತಿಂಗಳಲ್ಲಿ ನಲ್ಲಿ ತಿರುಗಿಸಿ, ಬಟ್ಟೆ ಒಗೆದು, ನಾಲ್ಕು ಜನ ಸ್ನಾನ ಮಾಡಿದರೆ ಯಾವ ಕೀಲಿನಲ್ಲಿ ನೀರು ಜಿನುಗುತ್ತದೆ, ಯಾವ ಮೂಲೆ ಹಸಿಯಾಗಿಯೇ ಉಳಿಯುತ್ತದೆ ಎನ್ನುವುದು ಗೊತ್ತಾಗುತ್ತದೆ. ಕೊರೆದು ಸರಿಮಾಡಲು ಆಗ ಹೊಟ್ಟೆಯುರಿಯೂ ಇರುವುದಿಲ್ಲ. ಆದರೆ ವರಮಹಾಲಕ್ಷ್ಮಿ ಹಬ್ಬದೊಳಗೆ ಬಣ್ಣ ಆಗಲೇಬೇಕೆಂದು ಗಾರೆಯ ತೇವ ಆರುವ ಮೊದಲೇ ಪುಟ್ಟಿ ಬಳಿಸುತ್ತಾರೆ. ದೀಪಾವಳಿಯ ಹೊತ್ತಿಗೆ ಗೋಡೆಯ ಬುಡದಲ್ಲಿ ಬಣ್ಣ ಗುಳ್ಳೆಯೆದ್ದು ಉದುರತೊಡಗುತ್ತದೆ, ಈ ಸಲದ ಬೈಗುಳ ಪೇಂಟರಿಗೆ.